ಬ್ಯಾಂಕಾಕ್‌ನಲ್ಲಿ ಮೀಟರ್ ಹಾಕಿಸಿಯೇ ಮಾಲು ತಂದೆ

"ಮೀಟರ್ ಟ್ಯಾಕ್ಸಿಯಲ್ಲಿ ಮಾಲು ತಿರುಗಿಸ್ತೀಯಾ? ಆಗೋ ಮಾತು ಹೇಳಪ್ಪ" ಎಂದು ನಕ್ಕವರು ನಮ್ಮ ಮಾರ್ಕೆಟ್ಟಿನಲ್ಲಿ ಕಡಿಮೆಯಿಲ್ಲ. ನಮ್ಮ ಬಾಮೈದನಂತೂ ಪಂದ್ಯವನ್ನೇ ಕಟ್ಟಿದ್ದ. ಈಗ ಎರಡು ಟ್ರಿಪ್ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ವ್ಯಾನೂ ಇಲ್ಲ, ಗೈಡೂ ಇಲ್ಲ. ಹೋದ ಸಲ ನಾಲ್ಕು ದಿನಕ್ಕೆ ಟ್ಯಾಕ್ಸಿ ಖರ್ಚು 1,600 ಬಾತ್ ದಾಟಲಿಲ್ಲ. ಮೊದಲು ವ್ಯಾನಿಗೆ ದಿನಕ್ಕೇ 2,500 ಕೊಡುತ್ತಿದ್ದೆ. ಬಾತಿಗೆ ಎರಡೂವರೆ ರೂಪಾಯಿ ಹಿಡಿದರೂ ಇಪ್ಪತ್ತು ಸಾವಿರ ಉಳಿಯಿತು. ಬಾಮೈದ ಪಂದ್ಯದ ದುಡ್ಡು ಇನ್ನೂ ಕೊಟ್ಟಿಲ್ಲ, ಅದು ಬೇರೆ ಮಾತು.

ನಾನು ದಾವಣಗೆರೆಯಲ್ಲಿ ಫ್ಯಾನ್ಸಿ ಅಂಗಡಿ ಇಟ್ಟವನು. ಕ್ಲಿಪ್ಪು, ಬ್ಯಾಗು, ಇಮಿಟೇಶನ್ ಒಡವೆ. ಬ್ಯಾಂಕಾಕ್‌ಗೆ ಮಾಲು ತರಲು ಹೋಗುವವರಿಗೆ ಪ್ರತೂನಾಮ್, ಸಾಂಪೆಂಗ್, ಬೋಬೇ ಎಂಬ ಹೋಲ್‌ಸೇಲ್ ಪೇಟೆಗಳ ಹೆಸರು ಸಾಕು, ಬಿಡಿಸಿ ಹೇಳಬೇಕಿಲ್ಲ. ಕಾರ್ಗೋ, ಕಸ್ಟಮ್ಸ್ ಕಥೆಯೂ ಬೇಡ. ಹೇಳುವುದು ಓಡಾಟದ್ದು ಮಾತ್ರ.

ಮೊದಲು ಸೋತದ್ದನ್ನು ಹೇಳಿಬಿಡುತ್ತೇನೆ. ಮೊದಲನೇ ಸಲ ಪ್ರತೂನಾಮ್‌ನಲ್ಲಿ ಒಂದು ಮಾಲ್ ಎದುರು ಸಾಲಾಗಿ ನಿಂತಿದ್ದ ಟ್ಯಾಕ್ಸಿಯವನನ್ನು ಕೇಳಿದೆ. ಸಾಂಪೆಂಗ್‌ಗೆ 400 ಅಂದ. ಐದು ಕಿಲೋಮೀಟರ್ ದಾರಿ ಅದು! ಚೌಕಾಸಿ ಮಾಡಿ 300ಕ್ಕೆ ಇಳಿಸಿದೆ. ಗೆದ್ದೆ ಅಂತ ಬೀಗಿದೆ ಬೇರೆ. ಎರಡನೇ ದಿನ ಓಡುತ್ತಿದ್ದ ಗಾಡಿಗೆ ಕೈ ಮಾಡಿ ಹತ್ತಿದೆ. ಮೀಟರ್ ಹಾಕಿದ. ಆದರೆ ನಾನು ನಿಂತಿದ್ದದ್ದು ರಸ್ತೆಯ ಉಲ್ಟಾ ಬದಿಯಲ್ಲಿ. ಯೂ-ಟರ್ನ್ ಎಲ್ಲೋ ದೂರದಲ್ಲಿ. ಅದಕ್ಕೇ 40 ಬಾತ್ ಹೋಯಿತು. ಇಳಿಯುವಾಗ 1,000ದ ನೋಟು ಕೊಟ್ಟರೆ ಅವನ ಹತ್ತಿರ ಚಿಲ್ಲರೆ ಇಲ್ಲ. ಇನ್ನೊಂದು ರಾತ್ರಿ ಹೋಟೆಲ್ ಹೆಸರನ್ನು ಇಂಗ್ಲಿಷಿನಲ್ಲಿ ತೋರಿಸಿದೆ. ಅದೇ ಹೆಸರಿನ ಇನ್ನೊಂದು ಹೋಟೆಲಿಗೆ ಕರೆದುಕೊಂಡು ಹೋದ. ಊರಿನ ಇನ್ನೊಂದು ತುದಿ. ತಪ್ಪು ಅವನದಲ್ಲ, ನನ್ನದೇ.

ಆಮೇಲೆ ಕೂತು ಲೆಕ್ಕ ಹಾಕಿದೆ. ನಾವು ಒಪ್ಪಂದದ ರೇಟಿಗೆ ಬೀಳುವುದು ಯಾಕೆ? ಟ್ರಾಫಿಕ್ ಜಾಮ್ ಭಯಕ್ಕೆ. ಮೀಟರ್ ಓಡ್ತಾನೇ ಇರುತ್ತೆ ಅನ್ನುವ ಭಯ. ಆದರೆ ಅಲ್ಲಿ ಮೀಟರ್ ಶುರುವಾಗುವುದು 35ಕ್ಕೆ. ಆಮೇಲೆ ಮೊದಲ ಹತ್ತು ಕಿಲೋಮೀಟರ್‌ವರೆಗೆ ಕಿಲೋಮೀಟರ್‌ಗೆ ಆರೂವರೆ. ಗಾಡಿ ನಿಂತರೆ ನಿಮಿಷಕ್ಕೆ 3 ಬಾತ್. ಅಂದರೆ ಒಂದು ಗಂಟೆ ಪೂರ್ತಿ ನಿಂತೇ ಇದ್ದರೂ 180. ನಾನು ಭಯಪಟ್ಟು ಕೊಟ್ಟದ್ದು 300!

ಇದನ್ನೇ ಡ್ರೈವರ್ ಕಡೆಯಿಂದ ನೋಡಿ. ಗಂಟೆಗೆ 180 ಬಾತ್ ಬಂದರೆ ಅವನಿಗೆ ಗಿಟ್ಟುವುದಿಲ್ಲ. ಬಹಳ ಜನ ಗಾಡಿಯನ್ನು ಹನ್ನೆರಡು ಗಂಟೆ ಲೆಕ್ಕಕ್ಕೆ ಬಾಡಿಗೆ ಹಿಡಿದವರು. ಬಾಡಿಗೆ ಕಟ್ಟಬೇಕು, ಗ್ಯಾಸ್ ಹಾಕಿಸಬೇಕು, ಈಸಾನ್ ಕಡೆಯ, ಅಂದರೆ ಆ ದೇಶದ ಈಶಾನ್ಯ ಭಾಗದ ಹಳ್ಳಿಗೆ ದುಡ್ಡು ಕಳಿಸಬೇಕು. ಜಾಮಿನೊಳಗೆ ಹೋಗು ಎಂದರೆ "ಮೈ ಪೈ" ಅನ್ನದೆ ಇನ್ನೇನು ಅಂತಾನೆ? ಬರಲ್ಲ ಅಂತ ಅರ್ಥ. ಆಗಲೇ ನನ್ನ ತಲೆಗೆ ಹೊಳೆದದ್ದು. ರೇಟಿಗೆ ಜಗಳ ಆಡಬಾರದು. ಅವನಿಗೂ ಮೀಟರ್ ಗಿಟ್ಟುವ ಜಾಗದಲ್ಲಿ, ಗಿಟ್ಟುವ ಹೊತ್ತಿನಲ್ಲಿ ಹೋಗಿ ನಿಲ್ಲಬೇಕು. ಅಷ್ಟೇ.

ಹೊತ್ತಿನ ವಿಷಯಕ್ಕೆ ಬರೋಣ. ಸಾಂಪೆಂಗ್‌ನಲ್ಲಿ ಹೋಲ್‌ಸೇಲ್ ಮಧ್ಯರಾತ್ರಿ ಮೇಲೂ ನಡೆಯುತ್ತದೆ, ಗೊತ್ತಲ್ವಾ. ನಮ್ಮವರು ಬಹಳ ಜನ ಹಗಲಲ್ಲೇ ಹೋಗಿ ಆ ಸಂದಿಯಲ್ಲಿ ತಳ್ಳಾಡುತ್ತಾರೆ. ನಾನು ರಾತ್ರಿ ಒಂದಕ್ಕೆ ಹೋಗುತ್ತೇನೆ. ರಸ್ತೆ ಖಾಲಿ, ಹದಿನೈದು ನಿಮಿಷದ ದಾರಿ. ಒಂದೇ ದಾರಿಗೆ ಮೂರು ಹೊತ್ತಿನಲ್ಲಿ ಹೋಗಿ ಡೈರಿಯಲ್ಲಿ ಬರೆದಿಟ್ಟಿದ್ದೆ. ಮಧ್ಯಾಹ್ನ 85ರಿಂದ 90 ಬಾತ್. ಸಂಜೆ ಐದೂವರೆಗೆ ಸುಮಾರು 165, ಅದೂ ಮೂರು ಜನ ಬರಲ್ಲ ಎಂದ ಮೇಲೆ ಸಿಕ್ಕವನು. ರಾತ್ರಿ ಒಂದಕ್ಕೆ 65. ರಾತ್ರಿ ಒಬ್ಬರೂ ಬರಲ್ಲ ಅನ್ನಲಿಲ್ಲ.

ವಾಪಸು ಬರುವುದು ಬೆಳಗಿನ ಐದರ ಮೇಲೆ. ಮೂರೂವರೆ ನಾಲ್ಕಕ್ಕೆ ಹೊರಟು ಒಂದು ಸಲ ಮುಕ್ಕಾಲು ಗಂಟೆ ಮೂಟೆ ಮೇಲೆ ಕೂತಿದ್ದೆ. ಅದು ಗಾಡಿ ಬದಲಾಗುವ ಹೊತ್ತು. ಕೇಳಿದವರೆಲ್ಲ "ಸೊಂಗ್ ರೊತ್" ಅಂದು ಹೋಗುತ್ತಿದ್ದರು. ಗಾಡಿ ವಾಪಸ್ ಕೊಡೋಕೆ ಹೋಗ್ತಿದ್ದೀನಿ ಅಂತ. ಐದರ ಮೇಲೆ ಹೊಸಬ ಗಾಡಿ ಹತ್ತಿರುತ್ತಾನೆ. ಅವನಿಗೆ ನಾನೇ ಬೋಣಿ. ಬೋಣಿ ಗಿರಾಕಿಯನ್ನು ಬೇಡ ಅನ್ನುವವರು ಯಾವ ಊರಲ್ಲೂ ಕಡಿಮೆ, ಅಲ್ವಾ?

ಸಂಜೆ ನಾಲ್ಕರ ಹತ್ತಿರವೂ ಇದೇ ಪಾಡು. ಆಗ ಬಣ್ಣ ನೋಡಬೇಕು. ಗುಲಾಬಿ, ನೀಲಿ ಹೀಗೆ ಒಂದೇ ಬಣ್ಣದ ಗಾಡಿ ಸಾಮಾನ್ಯವಾಗಿ ಬಾಡಿಗೆಯದು. ಹಸಿರು-ಹಳದಿ ಎರಡು ಬಣ್ಣದ್ದು ಡ್ರೈವರನ ಸ್ವಂತದ್ದು. ಸ್ವಂತ ಗಾಡಿಯವನಿಗೆ ಯಾರಿಗೂ ವಾಪಸ್ ಕೊಡುವ ಗಡಿಬಿಡಿ ಇಲ್ಲ. ಎರಡು ಟ್ರಿಪ್ಪಿನಲ್ಲಿ ಸಂಜೆ ಹೊತ್ತು ನನಗೆ ಸಿಕ್ಕ ಗಾಡಿಯಲ್ಲಿ ಮುಕ್ಕಾಲುಪಾಲು ಹಸಿರು-ಹಳದಿಯೇ. ಇನ್ನೊಂದು ಮಾತು: ಮುಂದಿನ ಗಾಜಿನಲ್ಲಿ ಕೆಂಪು ದೀಪ ಹತ್ತಿದ್ದರೆ ಗಾಡಿ ಖಾಲಿ ಅಂತ. ಕೆಂಪು ನೋಡಿ ಬೇಡ ಅಂದುಕೊಂಡು ನಾನು ಮೊದಲ ದಿನ ಎಷ್ಟು ಖಾಲಿ ಗಾಡಿ ಬಿಟ್ಟೆನೋ.

ಜಾಗದ ವಿಷಯ. ಸಾಂಪೆಂಗ್ ಸಂದಿಯೊಳಗೆ ಟ್ಯಾಕ್ಸಿ ಬರುವುದಿಲ್ಲ. ಕೈಗಾಡಿಯವನಿಂದ ರಾಚಾವೊಂಗ್ ರಸ್ತೆಗೆ ಮೂಟೆ ಹಾಕಿಸಿಕೊಳ್ಳುತ್ತೇನೆ. "ಸಾಂಪೆಂಗ್" ಎಂದು ನಾವು ಹೇಳಿದರೆ ಕೆಲವರಿಗೆ ತಿಳಿಯುವುದಿಲ್ಲ, ಅದರ ಪಕ್ಕದ ದೊಡ್ಡ ರಸ್ತೆ "ಯಾವರಾತ್" ಎಂದರೆ ತಟ್ಟನೆ ಗೊತ್ತಾಗುತ್ತದೆ. ಆ ಹೆಸರನ್ನು "ಯಾವ ರಾತ್ರಿ" ಅಂತ ನೆನಪಿಟ್ಟುಕೊಂಡಿದ್ದೇನೆ. ವಿಳಾಸ ಹೇಳಲೇಬೇಡಿ, ಗುರುತು ಹೇಳಿ. ಪ್ರತೂನಾಮ್‌ಗೆ ಬೈಯೋಕ್ ಟವರ್ ಸಾಕು. ಸೀಲೋಮ್‌ನಲ್ಲಿರುವ ಮಾರಿಯಮ್ಮನ ಗುಡಿಗೆ ಹೋಗಬೇಕೆಂದು ಗುಡಿಯ ಹೆಸರು ಹೇಳಿ ಹೇಳಿ ಸುಸ್ತಾಗಿದ್ದೆ. "ವಾತ್ ಖೇಕ್" ಅಂದಿದ್ದರೆ ಮುಗಿದಿತ್ತು. ಆ ಗುಡಿಗೆ ಅವರ ಬಾಯಲ್ಲಿ ಅದೇ ಹೆಸರು. ಹೋಟೆಲ್ ರಿಸೆಪ್ಷನ್ನಿನಲ್ಲಿ ಆರು ಚೀಟಿ ಥಾಯ್‌ನಲ್ಲಿ ಬರೆಸಿಕೊಂಡು ಲ್ಯಾಮಿನೇಟ್ ಮಾಡಿಸಿದೆ. ದಾವಣಗೆರೆಯಲ್ಲಿ, ಒಂದಕ್ಕೆ ಹತ್ತು ರೂಪಾಯಿ. ನನ್ನ ಇಡೀ ಬಂಡವಾಳ ಅದೇ.

ಪ್ರತೂನಾಮ್‌ನಿಂದ ಹಗಲಲ್ಲಿ ಹೊರಡುವುದಾದರೆ ದೊಡ್ಡ ಸರ್ಕಲ್ ಹತ್ತಿರ ನಿಲ್ಲಬೇಡಿ. ನಾನು ಒಂದು ಮೂಲೆಗೆ ನಡೆದುಹೋಗುತ್ತೇನೆ, ಅಲ್ಲಿ ಗಾಡಿ ಜಾಮಿಗೆ ಬೆನ್ನು ಹಾಕಿಯೇ ಬರುತ್ತದೆ. ಯಾವ ಮೂಲೆ ಅಂತ ಕೇಳಬೇಡಿ. ಎಲ್ಲರೂ ಅಲ್ಲೇ ನಿಂತರೆ ನನ್ನ ಕಥೆ ಮುಗಿಯಿತು.

ಹತ್ತುವಾಗ ನಾನು ಮಾಡುವುದು ಇಷ್ಟು. ಬಾಗಿಲು ತೆಗೆದು ಜಾಗ ಹೇಳುತ್ತೇನೆ. ತಲೆ ಆಡಿಸಿದರೆ ಕೂರುತ್ತೇನೆ. ಎಷ್ಟು ಅಂತ ಕೇಳುವುದೇ ಇಲ್ಲ. ಕೇಳಿದಿರೋ, ಹೊಸಬ ಅಂತ ಗೊತ್ತಾಯಿತು. ಗಾಡಿ ಹೊರಟ ಮೇಲೆ ಮೀಟರ್ ಹಾಕದಿದ್ದರೆ ನಗುತ್ತಾ "ಮೀಟರ್" ಅನ್ನುತ್ತೇನೆ, ಹಾಕದಿದ್ದರೆ ಸಿಗ್ನಲ್ಲಿನಲ್ಲಿ ಇಳಿಯುತ್ತೇನೆ. ಎರಡು ಟ್ರಿಪ್ಪಿನಲ್ಲಿ ಹಾಗೆ ಇಳಿದದ್ದು ನಾಲ್ಕು ಸಲವೋ ಐದು ಸಲವೋ. "ತಾಂಗ್ ದುವಾನ್?" ಅಂತ ಕೇಳಿದರೆ ಮೇಲಿನ ಟೋಲ್ ರಸ್ತೆಯಲ್ಲಿ ಹೋಗಲಾ ಅಂತ. ಟೋಲ್ ನಾವೇ ಕೊಡಬೇಕು. ಏರ್‌ಪೋರ್ಟಿಗೆ ಹೋಗುವಾಗ ಮಾತ್ರ ಹೂಂ ಅನ್ನುತ್ತೇನೆ.

ಮೂಟೆಯ ಬಗ್ಗೆ ಒಂದು ಎಚ್ಚರ. ಎಷ್ಟೋ ಟ್ಯಾಕ್ಸಿಗಳ ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್ ಕೂತಿರುತ್ತದೆ. ನಾಲ್ಕು ಮೂಟೆ ಕಟ್ಟಿಸಿ ಒಯ್ದರೆ ಹಿಡಿದದ್ದು ಒಂದೂವರೆ. ಈಗ ದೊಡ್ಡ ಮೂಟೆ ಕಟ್ಟಿಸುವುದಿಲ್ಲ, ಚಪ್ಪಟೆಯಾಗಿ ಸಣ್ಣ ಸಣ್ಣ ಆರು ಕಟ್ಟಿಸುತ್ತೇನೆ. ಡಿಕ್ಕಿಗೆ ಎರಡು, ಹಿಂದಿನ ಸೀಟಿಗೆ ಮೂರು, ಕಾಲ ಕೆಳಗೆ ಒಂದು. ಮುಂದಿನ ಸೀಟಿನಲ್ಲಿ ನಾನು. ಡ್ರೈವರಿಗೆ ಮೊದಲೇ 20 ಬಾತ್‌ನ ಎರಡು ನೋಟು ಕೈಯಲ್ಲಿಟ್ಟು ಮೂಟೆ ತೋರಿಸಿದರೆ ಅವನೇ ಇಳಿದು ತುಂಬುತ್ತಾನೆ. 20ರ ನೋಟು ಮೂವತ್ತಾದರೂ ಜೇಬಿನಲ್ಲಿರಬೇಕು.

ನಡುವೆ ಬೇರೆ ಪ್ರಯೋಗವನ್ನೂ ಮಾಡಿದೆ. ಪ್ರತೂನಾಮ್‌ನಿಂದ ಬೋಬೇಗೆ ಸೇನ್ ಸೇಪ್ ಕಾಲುವೆಯ ದೋಣಿ ಇದೆ. ನಾನು ಹೋದಾಗ ಹತ್ತು ಹನ್ನೆರಡು ಬಾತ್, ಹತ್ತು ನಿಮಿಷ. ಜಾಮ್ ಅನ್ನುವ ಮಾತೇ ಇಲ್ಲ. ನೀರು ಕಪ್ಪಗೆ, ವಾಸನೆ. ಎದುರಿನಿಂದ ದೋಣಿ ಬಂದರೆ ಪಕ್ಕದ ನೀಲಿ ಟಾರ್ಪಾಲಿನ ಹಗ್ಗ ಎಳೆಯಬೇಕು, ಇಲ್ಲದಿದ್ದರೆ ಮುಖಕ್ಕೇ ಸ್ನಾನ. ನನಗಾಯಿತು. ಖಾಲಿ ಕೈಯಲ್ಲಿ ಹೋಗುವುದಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಬರುವಾಗ ಮಾಲಿನ ಜೊತೆ ಟ್ಯಾಕ್ಸಿ, ಅರವತ್ತರ ಆಸುಪಾಸು. ಕಿತ್ತಳೆ ಜಾಕೆಟ್ಟಿನ ಬೈಕ್ ಟ್ಯಾಕ್ಸಿಯಲ್ಲಿ ಒಂದು ಮೂಟೆ ತೊಡೆ ಮೇಲಿಟ್ಟುಕೊಂಡು ಹೋದೆ. ಎರಡು ಬಸ್ಸಿನ ನಡುವೆ ನುಗ್ಗಿದ ಪುಣ್ಯಾತ್ಮ. ಮತ್ತೆ ಹತ್ತಿಲ್ಲ. ಟುಕ್‌ಟುಕ್ ಪ್ರಯೋಗವನ್ನು ಮನೆಯವಳ ಜೊತೆ ಮಾಡಿದ್ದು, ಅದರ ಖರ್ಚು ಇಲ್ಲಿ ಬರೆಯುವುದಿಲ್ಲ.

ಏರ್‌ಪೋರ್ಟಿನಿಂದ ಊರೊಳಗೆ ಬರುವಾಗ ಬ್ಯಾಗು ಖಾಲಿ ಇರುತ್ತದೆ. ಸುಮ್ನೆ ಟ್ಯಾಕ್ಸಿ ಯಾಕೆ? ಫಾಯಾ ಥಾಯ್‌ವರೆಗೆ ರೈಲಿಗೆ 45 ಬಾತ್. ವಾಪಸು ಹೋಗುವಾಗ ಮಾತ್ರ ಇನ್ನೋವಾದಂಥ ದೊಡ್ಡ ಗಾಡಿ ಹಿಡಿಯುತ್ತೇನೆ. ಅದಕ್ಕೆ ಶುರುವಿನ ಮೀಟರ್ 40. ಹೋದ ಸಲ ಮೀಟರಿಗೆ 290ರ ಹತ್ತಿರ, ಟೋಲಿಗೆ 75. ಅದೇ ದಿನ ಹೋಟೆಲಿನವರು ಹೇಳಿದ ಗಾಡಿಗೆ 800 ಕೇಳಿದ್ದರು. ನಾನು ಹಿಡಿದ ಗಾಡಿಯ ಡ್ರೈವರು ದಾರಿಯಲ್ಲಿ ಎರಾವನ್‌ನ ಬ್ರಹ್ಮನ ಗುಡಿ ಬಂದ ಕೂಡಲೇ ಸ್ಟೀರಿಂಗ್ ಬಿಟ್ಟು ಎರಡೂ ಕೈ ಜೋಡಿಸಿದ. ಭಯಕ್ಕೆ ನಾನೂ ಜೋಡಿಸಿದೆ.

ಮಳೆಗೆ ಮಾತ್ರ ನನ್ನ ಹತ್ತಿರ ಉಪಾಯವಿಲ್ಲ. ಸಂಜೆ ಮಳೆ ಹೊಯ್ದರೆ ಮೂಲೆಯೂ ಇಲ್ಲ, ಬಣ್ಣವೂ ಇಲ್ಲ, ಒಬ್ಬರೂ ನಿಲ್ಲಿಸುವುದಿಲ್ಲ. ಆಗ ಭಾರತೀಯರ ಪೇಟೆ ಪಾಹುರತ್ ಕಡೆ ನಡೆದು, ಗುರುದ್ವಾರದ ಹತ್ತಿರದ ಯಾವುದಾದರೂ ನಮ್ಮ ಕಡೆಯ ಹೋಟೆಲಿನಲ್ಲಿ ಚಹಾ ಹೇಳಿ, ಮೂಟೆ ಕಾಲ ಹತ್ತಿರ ಇಟ್ಟುಕೊಂಡು ಎಂಟು ಗಂಟೆಯವರೆಗೆ ಕೂತಿರುತ್ತೇನೆ.