ಜುಲೈನಲ್ಲಿ ಬೋಳಿಸಿದೆ, ಗೌರಿ ಹಬ್ಬಕ್ಕೆ ಮಲ್ಲಿಗೆ ಬಂತು

2025ರ ಜುಲೈ 14. ನಮ್ಮ ನ್ಯೂಜೆರ್ಸಿ ಮನೆಯ ಹಿತ್ತಿಲಲ್ಲಿ ಕೂತು ದುಂಡು ಮಲ್ಲಿಗೆ ಗಿಡಗಳ ಎಲೆಯನ್ನೆಲ್ಲ ತೆಗೆಯುತ್ತಿದ್ದೆ. ಉಳಿದದ್ದು ಬರೀ ಕಡ್ಡಿ. ಮೆಂತ್ಯ ಸೊಪ್ಪು ಕೊಡಲು ಬಂದ ಗೆಳತಿಯೊಬ್ಬರು ಗಾಬರಿಯಾದರು. "ಏನ್ರೀ ಇದು? ಇಲ್ಲಿ ಬಿಸಿಲು ಇರೋದೇ ಐದು ತಿಂಗಳು. ಅಂಥಾದ್ರಲ್ಲಿ ಗಿಡ ಬೋಳಿಸ್ಕೊಂಡು ಕೂತಿದ್ದೀರಲ್ಲ!" ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದರೆ ಅಲ್ಲೂ ಅದೇ. ಗಿಡದ ತಿಥಿ ಯಾವತ್ತು ಅಂತ ಒಬ್ಬರು ಕೇಳಿದರು.

ಆಗಸ್ಟ್ 26ಕ್ಕೆ ಗೌರಿ ಹಬ್ಬ. ಆವತ್ತು ಬೆಳಿಗ್ಗೆ ಗೌರಿಗೆ ಮೂರು ಮೊಳ ಮಲ್ಲಿಗೆ ಮುಡಿಸಿದೆ, ನಮ್ಮ ಮನೆಯದೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಣ್ಣು, ಕುಂಡ, ಬಿಸಿಲಿನ ವಿಷಯ ನಿಮಗೆ ಗೊತ್ತೇ ಇದೆ. ಇಲ್ಲಿ ಮಲ್ಲಿಗೆ ಬೆಳೆಸುವ ನಮ್ಮೆಲ್ಲರ ತೊಂದರೆ ಬೇರೆ. ಜೂನ್‌ನಲ್ಲಿ ಒಂದು ಸುತ್ತು ಹೂ ಬಿಡುತ್ತೆ. ಆಮೇಲೆ ಅಲ್ಲೊಂದು ಇಲ್ಲೊಂದು. ಹಬ್ಬದ ದಿನ ಹುಡುಕಿದರೆ ನಾಲ್ಕು ಮೊಗ್ಗು. ಕೊನೆಗೆ ನಮ್ಮವರ ಅಂಗಡಿಗಳಿರುವ ಎಡಿಸನ್‌ನ ಓಕ್ ಟ್ರೀ ರೋಡಿಗೆ ಹೋಗಿ, ವಿಮಾನದಲ್ಲಿ ಬಂದು ಅರ್ಧ ಬಾಡಿದ ಹೂವಿಗೆ ಮೊಳಕ್ಕೆ ಏಳೆಂಟು ಡಾಲರ್ ಕೊಡಬೇಕು. ಹಬ್ಬದ ಹಿಂದಿನ ಸಂಜೆ ಅದೂ ಸಿಗಲ್ಲ.

ನಮ್ಮ ದೊಡ್ಡಮ್ಮನ ಮನೆ ಶ್ರೀರಂಗಪಟ್ಟಣದ ಹತ್ತಿರ. ಕಾಲೆಕರೆಯಷ್ಟು ಮಲ್ಲಿಗೆ ಹಾಕಿದ್ದರು. ನವೆಂಬರ್ ಕೊನೆಗೆ ನೀರು ನಿಲ್ಲಿಸಿ, ಗಿಡ ಕತ್ತರಿಸಿ, ಎಲೆ ಉದುರಿಸುತ್ತಿದ್ದರು. "ಒಂಚೂರು ಹೊಟ್ಟೆ ಕಾಯಿಸ್ಬೇಕು ಕಣವ್ವ, ಆಗ ಮೊಗ್ಗು ಕಕ್ತದೆ" ಅನ್ನೋರು. ಹೊಸ ಚಿಗುರಿನ ತುದಿಯಲ್ಲಿ ತಾನೇ ಮಲ್ಲಿಗೆ ಮೊಗ್ಗು ಕಟ್ಟುವುದು? ಅದನ್ನೇ ಇಲ್ಲಿ ಜುಲೈನಲ್ಲಿ ಮಾಡಿದರೆ? ಹಬ್ಬದ ತಾರೀಖಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಕತ್ತರಿ ಹಾಕಿದರೆ ಆಯ್ತಲ್ಲ ಅಂದುಕೊಂಡೆ. ಆಗಲು ಮೂರು ವರ್ಷ ಹಿಡಿಯಿತು.

2023ರಲ್ಲಿ ಹಬ್ಬ ಸೆಪ್ಟೆಂಬರ್ 18ಕ್ಕೆ ಬಂದಿತ್ತು. ನಲವತ್ತು ದಿನ ಸಾಕು ಅಂತ ಆಗಸ್ಟ್ ಎರಡನೇ ವಾರ ಕತ್ತರಿಸಿದೆ. ಚಿಗುರು ಚೆನ್ನಾಗಿಯೇ ಬಂತು. ಸೆಪ್ಟೆಂಬರ್ ಶುರುವಿನಲ್ಲಿ ಮೊಗ್ಗೂ ಕಾಣಿಸಿತು. ಅಷ್ಟರಲ್ಲಿ ರಾತ್ರಿ ತಣ್ಣಗಾಯಿತು ನೋಡಿ, ಮೊಗ್ಗು ಅಕ್ಕಿ ಕಾಳಿನಷ್ಟಕ್ಕೇ ನಿಂತವು. ಹಬ್ಬ ಕಳೆದು ಹತ್ತು ದಿನಕ್ಕೆ ಉದುರಿದವು.

ಆ ವರ್ಷ ಇನ್ನೊಂದು ತಪ್ಪೂ ಮಾಡಿದ್ದೆ. ದೊಡ್ಡಮ್ಮನ ಹಾಗೆ ಹತ್ತು ದಿನ ನೀರು ನಿಲ್ಲಿಸಿದೆ. ಅವರದು ಹೊಲ, ಬೇರು ಆಳಕ್ಕೆ ಇಳಿದಿರುತ್ತೆ. ನನ್ನದು ಐದು ಗ್ಯಾಲನ್ ಮಣ್ಣು ಹಿಡಿಯುವ ಬಟ್ಟೆ ಚೀಲ. 90 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿಗೆ ಆರನೇ ದಿನವೇ ಒಂದು ಗಿಡ ಕಡ್ಡಿಯಾಗಿ ಹೋಯಿತು. ಏಳು ಸುತ್ತಿನ ಮಲ್ಲಿಗೆ ಅದು. ಇಲ್ಲಿ ಗ್ರ್ಯಾಂಡ್ ಡ್ಯೂಕ್ ಅಂತ ಮಾರುತ್ತಾರಲ್ಲ, ಅದೇ. ಫ್ಲೋರಿಡಾದಿಂದ ತರಿಸಿದ್ದು, ಪಾರ್ಸೆಲ್ ಖರ್ಚೂ ಸೇರಿ 38 ಡಾಲರ್. ಬದುಕಿದ್ದಾಗ ಒಟ್ಟು ಬಿಟ್ಟದ್ದು ಮೂರು ಹೂ. ಇನ್ನೊಂದು ತರಿಸಲಿಲ್ಲ. ಅದು ಬೆಳೆಯುವುದೂ ನಿಧಾನ, ಹಬ್ಬದ ಲೆಕ್ಕಕ್ಕೆ ಸಿಗುವ ಗಿಡವಲ್ಲ. ಮೇಡ್ ಆಫ್ ಓರ್ಲಿಯನ್ಸ್ ಅನ್ನುವ ಮಲ್ಲಿಗೆ ತಳಿಯೇ ಸಾಕು. ಒಂದೇ ಸುತ್ತಿನ ಹೂವಾದರೂ ಕತ್ತರಿಗೆ ಬೇಗ ಏಳುತ್ತೆ.

2024ರಲ್ಲಿ ಹಬ್ಬ ಸೆಪ್ಟೆಂಬರ್ 6. ಜುಲೈ 22ರ ಸುಮಾರಿಗೆ ಕತ್ತರಿಸಿದೆ. ನೀರು ನಿಲ್ಲಿಸಿದ ಎರಡನೇ ದಿನವೇ ಗುಡುಗು ಮಳೆ. ಮಾರನೇ ದಿನವೂ ಮಳೆ. ನಾನು ಒಣಗಿಸುವುದು, ಆಕಾಶ ನೆನೆಸುವುದು. ಅದರ ಮೇಲೆ ಚಿಗುರಲಿ ಅಂತ ಹುಲ್ಲಿಗೆ ಹಾಕುವ ಗೊಬ್ಬರ ಒಂದು ಹಿಡಿ ಎರಚಿದೆ. ಬರೀ ಸಾರಜನಕ. ಎಲೆ ನೋಡಬೇಕಿತ್ತು, ವೀಳ್ಯದೆಲೆ ಹಾಗೆ! ಮೊಗ್ಗು ಮಾತ್ರ ಗಿಡಕ್ಕೆ ಐದಾರು. ಅವೂ ಅರಳಿದ್ದು ಗಣಪತಿಯನ್ನು ನೀರಿಗೆ ಬಿಟ್ಟ ಮೇಲೆ.

2025ರಲ್ಲಿ ಎರಡೂ ವರ್ಷದ ತಪ್ಪು ತಿದ್ದಿಕೊಂಡೆ. ನೀರು ನಿಲ್ಲಿಸುವ ಮೊದಲೇ ಏಳೂ ಚೀಲಗಳನ್ನು ವರಾಂಡದ ಸೂರಿನ ಕೆಳಗೆ ಎಳೆದಿಟ್ಟೆ. ನೀರು ನಿಲ್ಲಿಸಿದ್ದು ನಾಲ್ಕೇ ದಿನ, ಎಲೆ ಜೋತು ಬಿದ್ದು ಸಂಜೆಗೂ ಏಳದಿರುವ ತನಕ. ಆಮೇಲೆ ಕತ್ತರಿ. ಹಳೇ ಹೂ ಬಿಟ್ಟ ಜಾಗದಿಂದ ಎರಡು ಗಿಣ್ಣು ಕೆಳಕ್ಕೆ.

ಎಲೆ ತೆಗೆಯುವಾಗ ಆತುರ ಬೇಡ. ಕೈಯಲ್ಲಿ ಕೆಳಕ್ಕೆ ಎಳೆದರೆ ಸಿಪ್ಪೆ ಸಮೇತ ಬರುತ್ತೆ, ಎಲೆ ಬುಡದಲ್ಲಿರುವ ಕಣ್ಣೂ ಅದರ ಜೊತೆ ಹೋಗುತ್ತೆ. ಹೊಸ ಚಿಗುರು ಬರಬೇಕಾದದ್ದೇ ಆ ಕಣ್ಣಿನಿಂದ. ನಾನು ಉಗುರು ಕತ್ತರಿಸುವ ಸಣ್ಣ ಕತ್ತರಿ ಹಿಡಿದು, ತೊಟ್ಟು ಉಳಿಸಿ ಎಲೆ ಮಾತ್ರ ಕತ್ತರಿಸುತ್ತೇನೆ. ಒಂದು ವಾರಕ್ಕೆ ಕಣ್ಣು ಸಾಸಿವೆಯಷ್ಟು ಊದಿಕೊಳ್ಳುತ್ತೆ. ತೊಟ್ಟು ಹಳದಿಯಾಗಿ ತಾನೇ ಬೀಳುತ್ತೆ. ಒಂದು ಗಿಡಕ್ಕೆ ಮುಕ್ಕಾಲು ಗಂಟೆ, ಸೊಳ್ಳೆ ಕಡಿತ ಬೇರೆ.

ಏಳು ಗಿಡವನ್ನೂ ಒಂದೇ ದಿನ ಕತ್ತರಿಸಲಿಲ್ಲ. ಎರಡನ್ನು ಜುಲೈ 8ಕ್ಕೆ, ಮೂರನ್ನು 14ಕ್ಕೆ, ಉಳಿದೆರಡನ್ನು 20ಕ್ಕೆ. ಹಬ್ಬಕ್ಕೆ ಸರಿಯಾಗಿ ಕೈಗೆ ಬಂದದ್ದು ನಡುವಿನ ಮೂರು. ಕತ್ತರಿಸಿ ಇಪ್ಪತ್ತೆಂಟು ಮೂವತ್ತು ದಿನಕ್ಕೆ ಮೊಗ್ಗು ಕಂಡಿತು, ಕೀಳಲು ಬಂದದ್ದು ನಲವತ್ತೆರಡನೇ ದಿನದ ಸುಮಾರಿಗೆ. ಮೊದಲ ಎರಡು ಐದಾರು ದಿನ ಮುಂಚೆ ಶುರುವಾಗಿ ಹಬ್ಬದ ಹೊತ್ತಿಗೂ ಒಂದಿಷ್ಟು ಕೊಟ್ಟವು. ಕೊನೆಯ ಎರಡು ಸೆಪ್ಟೆಂಬರ್‌ನಲ್ಲಿ ಮನೆ ತುಂಬ ಘಮಘಮ.

ಗೊಬ್ಬರ ಎರಡೇ ಸಲ. ಕಣ್ಣು ಒಡೆದಾಗ ಮೀನಿನ ಗೊಬ್ಬರದ ನೀರು. ಮೊಗ್ಗು ಕಾಣುವ ಒಂದು ವಾರ ಮೊದಲು ಪೊಟ್ಯಾಶ್ ಜಾಸ್ತಿ ಇರುವುದು. ಈ ಎರಡನೇ ಸಲಕ್ಕೆ ಅಡುಗೆಮನೆಯದೇ ಇನ್ನೊಂದು ಸೇರಿಸುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ. ಮನೆಗೆ ಬನ್ನಿ, ಕಾಫಿ ಕೊಟ್ಟು ಹೇಳುತ್ತೇನೆ. ಎಲುಬಿನ ಪುಡಿ ಮಾತ್ರ ಹಾಕಬೇಡಿ. ನಾನು ಹಾಕಿದ ರಾತ್ರಿಯೇ ಯಾವುದೋ ಪ್ರಾಣಿ ಬಂದು ಎರಡು ಚೀಲ ಅಗೆದು ಬುಡಮೇಲು ಮಾಡಿತ್ತು.

ಮೂರು ದಿನ ಕಿತ್ತ ಮೊಗ್ಗು ಒಟ್ಟು ಮುನ್ನೂರೈವತ್ತರ ಹತ್ತಿರ. ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟಿದ್ದೆ. ಗೊಂಚಲಲ್ಲಿ ಮೂರು ಮೊಗ್ಗಿದ್ದರೆ ನಡುವಿನದು ಮೊದಲು ಬಲಿಯುತ್ತೆ. ಪಕ್ಕದ ಎರಡನ್ನು ಬಿಟ್ಟು ಅದೊಂದನ್ನೇ ಕೀಳಬೇಕು. ಆತುರಕ್ಕೆ ಮೂರೂ ಕಿತ್ತರೆ ಹಸಿರು ಮೊಗ್ಗು ಅರಳುವುದೇ ಇಲ್ಲ. ನಾನು ಒತ್ತಾಗಿ ಕಟ್ಟುವವಳು, ಮೊಳಕ್ಕೆ ನೂರಹತ್ತು ನೂರಿಪ್ಪತ್ತು ಬೇಕು. ಬಾಳೆ ನಾರು ಎಲ್ಲಿಂದ ತರಲಿ, ಹತ್ತಿ ದಾರದಲ್ಲೇ ಕಟ್ಟಿದೆ. ತಿಥಿ ಕೇಳಿದವರಿಗೆ ಫೋಟೋ ಕಳಿಸಿದೆ. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ.

ಖರ್ಚು? ಗಿಡ, ಚೀಲ, ಮಣ್ಣು, ಚಳಿಗಾಲಕ್ಕೆ ಗ್ಯಾರೇಜಿನಲ್ಲಿ ಗಿಡಕ್ಕೆ ಹಾಕುವ ಲೈಟು ಎಲ್ಲ ಸೇರಿ ಮೂರು ವರ್ಷಕ್ಕೆ ಆರುನೂರು ಡಾಲರ್ ದಾಟಿರಬೇಕು. ನಮ್ಮ ಯಜಮಾನರು ಕೂತು ಭಾಗಿಸಿ, "ಮೊಗ್ಗಿಗೆ ಹೆಚ್ಚುಕಡಿಮೆ ಎರಡು ಡಾಲರ್ ಬಿತ್ತು ಕಣೆ" ಅಂದರು. ಜೂನ್ ಹೂವನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ.

ಒಂದು ಸಲ ಊರಿನಿಂದ ಮಲ್ಲಿಗೆ ಕಡ್ಡಿ ತರಲೂ ನೋಡಿದ್ದೆ. ಅತ್ತೆ ಒದ್ದೆ ಪೇಪರ್‌ನಲ್ಲಿ ಸುತ್ತಿ ಪ್ರೀತಿಯಿಂದ ಕೊಟ್ಟಿದ್ದರು. ವಿಮಾನ ಇಳಿದ ಮೇಲೆ ಕಡ್ಡಿ ತಂದಿದ್ದೇನೆ ಅಂತ ಕಸ್ಟಮ್ಸ್ ಫಾರ್ಮಿನಲ್ಲಿ ಬರೆದೆ, ಗಿಡಕ್ಕೆ ರೋಗವಿಲ್ಲ ಅನ್ನುವ ಸರ್ಟಿಫಿಕೇಟ್ ಇಲ್ಲ ಅಂತ ಅಲ್ಲಿನವರು ಕಸದ ಡಬ್ಬಿಗೆ ಹಾಕಿದರು. ಬರೆದಿದ್ದಕ್ಕೆ ದಂಡ ಬೀಳಲಿಲ್ಲ, ಅಷ್ಟೇ ಪುಣ್ಯ.

ಕನಕಾಂಬರಕ್ಕೂ ಇದೇ ಕತ್ತರಿ ಪ್ರಯೋಗ ಮಾಡಿದೆ. ಅದಕ್ಕೆ ಇದೆಲ್ಲ ಬೇಕಿಲ್ಲ, ಸೆಖೆ ಇದ್ದರೆ ಸಾಕು, ಸುಮ್ನೆ ಹೂ ಬಿಡುತ್ತಿರುತ್ತೆ. ಆದರೆ ಒಣಗಿದ ತೆನೆಯನ್ನು ಬೀಜಕ್ಕೆ ಅಂತ ಸಿಂಕ್ ಪಕ್ಕದ ಕಿಟಕಿಯಲ್ಲಿ ಇಟ್ಟಿದ್ದೆ. ಪಾತ್ರೆ ತೊಳೆಯುವಾಗ ನೀರು ಸಿಡಿದು ಪಟ್ ಪಟ್ ಅಂತ ಸಿಡಿಯಲು ಶುರು. ಸ್ಟವ್ ಮೇಲೆ, ಮೊಸರಿನ ಬಟ್ಟಲಲ್ಲಿ, ಎಲ್ಲೆಲ್ಲೂ ಬೀಜ. ಆರಿಸಿದ್ದರಲ್ಲಿ ಹನ್ನೊಂದು ಹುಟ್ಟಿದವು.

ಈಗ ಮಲ್ಲಿಗೆ ಚೀಲಗಳು ಗ್ಯಾರೇಜಿನಲ್ಲಿವೆ. ರಾತ್ರಿ 50 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯುವ ಮೊದಲೇ ಒಳಗೆ ತಂದೆ. ಜೇಡ ನುಸಿ ಬರದಿರಲಿ ಅಂತ ವಾರಕ್ಕೊಮ್ಮೆ ಎಲೆಯ ಅಡಿಗೆ ನೀರು ಹೊಡೆಯುತ್ತೇನೆ. 2026ರ ಗಣೇಶ ಸೆಪ್ಟೆಂಬರ್ 14ಕ್ಕೆ. ಮತ್ತೆ ಆ ತಣ್ಣನೆ ರಾತ್ರಿಗಳ ಕಾಟ. ನಲವತ್ತೆರಡು ದಿನದ ಲೆಕ್ಕ ನಡೆಯಲ್ಲ, ಐವತ್ತು ಹಿಡಿದು ಜುಲೈ 25ರ ಆಸುಪಾಸು ಕತ್ತರಿ ಹಾಕಬೇಕು. ಮೆಂತ್ಯ ತಂದಿದ್ದ ಗೆಳತಿ ನಾಲ್ಕು ಕಡ್ಡಿ ಇಸಿದುಕೊಂಡು ಹೋಗಿದ್ದಾರೆ. ಕತ್ತರಿ ಹಾಕುವ ತಾರೀಖು ಈಗಲೇ ಕೇಳುತ್ತಿದ್ದಾರೆ.