ಸರದಿಯ ಮೇಲೆ ಸೇವೆ: ಸಂಡೇ ಸ್ಕೂಲಿನ ಶಿಕ್ಷಕರನ್ನು ಉಳಿಸಿಕೊಂಡ ನನ್ನ ಅನುಭವ

"ಇದೇನು ಸಂಡೇ ಸ್ಕೂಲೋ, ಕಾರ್ಖಾನೆಯ ಶಿಫ್ಟೋ?" ಎಂದು ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಕಮಿಟಿಯಲ್ಲಿ ಕೇಳಿದಾಗ ನಾನು ತಕ್ಷಣ ಉತ್ತರ ಕೊಡಲಿಲ್ಲ, ಏಕೆಂದರೆ ಶಿಕ್ಷಕರು ಸರದಿಯ ಮೇಲೆ ಬಂದು ಕಲಿಸುವ ಪದ್ಧತಿಯನ್ನು ನಾನು ಕಲಿತದ್ದು ನಿಜಕ್ಕೂ ಕಾರ್ಖಾನೆಯ ಶಿಫ್ಟಿನಿಂದಲೇ. ಕೋಲಾರದ ನಮ್ಮ ಸಭೆಯಲ್ಲಿ ಸಂಡೇ ಸ್ಕೂಲಿನ, ಅಂದರೆ ಭಾನುವಾರ ಮಕ್ಕಳಿಗೆ ಬೈಬಲ್ ಪಾಠ ಹೇಳುವ ಸೇವೆಯ ಹೊಣೆ ನನ್ನ ಹೆಗಲಿಗೆ ಬಿದ್ದು ಹತ್ತು ವರ್ಷಗಳ ಮೇಲಾಯಿತು. 2020ರ ಲಾಕ್‌ಡೌನ್‌ಗೆ ಮುಂಚೆ 11 ಜನ ಶಿಕ್ಷಕರಿದ್ದರು. ಆರಾಧನೆ ಮತ್ತೆ ಆರಂಭವಾದಾಗ ಉಳಿದವರು ನಾಲ್ವರು, ಅವರಲ್ಲಿ ಒಬ್ಬರಿಗೆ ಮಂಡಿನೋವು. ಈಗ 22 ಜನರಿದ್ದಾರೆ, ಮಕ್ಕಳು 80ರಿಂದ 90ರವರೆಗೆ ಬರುತ್ತಾರೆ. ಅಕ್ಕಪಕ್ಕದ ಊರುಗಳ ಎರಡು ಸಭೆಗಳವರು ಬಂದು ನೋಡಿಕೊಂಡು ಹೋದರು. ಒಂದೇ ಮಾತನ್ನು ಎಲ್ಲರಿಗೂ ಫೋನಿನಲ್ಲಿ ಹೇಳಿ ಸಾಕಾಗಿರುವುದರಿಂದ ಬರೆದೇ ಬಿಡುತ್ತಿದ್ದೇನೆ. ಪಾಠ ಕಲಿಸುವ ವಿಧಾನ ನಿಮಗೆಲ್ಲ ಗೊತ್ತಿರುವುದೇ. ನಾನು ಬರೆಯುತ್ತಿರುವುದು ಕಲಿಸುವವರನ್ನು ಉಳಿಸಿಕೊಳ್ಳುವ ಬಗ್ಗೆ.

ಮೊದಲು ಸೋತದ್ದನ್ನು ಹೇಳುತ್ತೇನೆ. ಶಿಕ್ಷಕರು ಬೇಕೆಂದು ಪ್ರಸಂಗಪೀಠದಿಂದ ಪ್ರಕಟಣೆ ಮಾಡಿಸಿದೆ. ಸಭಾಪಾಲಕರಾದ ಅಯ್ಯನವರು ಕಳಕಳಿಯಿಂದ ಕರೆಕೊಟ್ಟರು, ಅಂದೇ ಒಂಬತ್ತು ಜನ ಹೆಸರು ಬರೆಸಿದರು, ಎರಡನೆಯ ತಿಂಗಳಿಗೆ ಅವರಲ್ಲಿ ಇಬ್ಬರು ಉಳಿದಿದ್ದರು. ಆಗ ಒಂದು ಕುಟುಂಬದವರು, ಶಿಕ್ಷಕರಿಗೆ ಭಾನುವಾರಕ್ಕೆ 200 ರೂಪಾಯಿಯಂತೆ ಗೌರವಧನ ಕೊಡಿ, ಹಣ ನಾವು ಕೊಡುತ್ತೇವೆ ಎಂದು ಮುಂದೆ ಬಂದರು. ನಾಲ್ಕು ತಿಂಗಳು ಎಲ್ಲವೂ ಚೆನ್ನಾಗಿ ನಡೆಯಿತು, 19 ಸಾವಿರದಷ್ಟು ಖರ್ಚಾಯಿತು. ಆ ಕುಟುಂಬಕ್ಕೆ ಮನೆ ಕಟ್ಟುವ ಖರ್ಚು ಬಂದು ಹಣ ನಿಂತಿತು. ಹಣಕ್ಕಾಗಿ ಬಂದವರು ಹೋಗುವುದನ್ನು ನಾನು ನಿರೀಕ್ಷಿಸಿದ್ದೆ. ಆದರೆ ಅದಕ್ಕೂ ಮುಂಚೆ ಹತ್ತು ವರ್ಷ ಪುಕ್ಕಟೆಯಾಗಿ ಕಲಿಸುತ್ತಿದ್ದ ಒಬ್ಬ ಅಕ್ಕನವರೂ ಬಿಟ್ಟರು. ಅವರಿಗೆ 200 ರೂಪಾಯಿ ಬೇಕಿರಲಿಲ್ಲ. ತಮ್ಮ ಹತ್ತು ವರ್ಷಗಳ ಸೇವೆಗೆ ಭಾನುವಾರಕ್ಕೆ 200 ಎಂದು ಬೆಲೆ ಕಟ್ಟಿಬಿಟ್ಟರಲ್ಲ ಎಂಬ ನೋವು ಅವರಿಗಿತ್ತು, ಅದನ್ನು ಅವರು ಹೇಳಿದ್ದು ಒಂದು ವರ್ಷದ ನಂತರ.

ಆ ವರ್ಷದ ಕ್ರಿಸ್‌ಮಸ್‌ನಲ್ಲಿ 'ಉತ್ತಮ ಶಿಕ್ಷಕಿ' ಎಂದು ಒಬ್ಬರನ್ನು ಕರೆದು ಸುಮಾರು 900 ರೂಪಾಯಿಯ ಹಾಟ್‌ಬಾಕ್ಸ್ ಕೊಟ್ಟೆ. ಒಬ್ಬರಿಗೆ ಸಂತೋಷವಾಯಿತು, ಆರು ಜನರಿಗೆ ಮುಖ ಬಾಡಿತು, ಜನವರಿಯಿಂದ ಇಬ್ಬರು ಬರಲಿಲ್ಲ. ಶನಿವಾರ ಸಂಜೆಯ ತಯಾರಿ ಸಭೆಯನ್ನು ಕಡ್ಡಾಯ ಮಾಡಿದ್ದು, ಬಾರದವರ ಹೆಸರನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದು, ಇವೆರಡನ್ನೂ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಬಿಟ್ಟವರ ಮನೆಗಳಿಗೆ ಒಂದು ಬೇಸಿಗೆ ರಜೆಯಲ್ಲಿ ಹೋದೆ, ಏಳೋ ಎಂಟೋ ಮನೆ. ವಾಪಸು ಬನ್ನಿ ಎಂದು ಕರೆಯಬಾರದೆಂದು ಮೊದಲೇ ನಿರ್ಧರಿಸಿದ್ದೆ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ರಾತ್ರಿ ಶಿಫ್ಟ್ ಮುಗಿಸಿ, ಬೆಳಗ್ಗೆ ಕಂಪನಿಯ ಬಸ್ಸಿನಲ್ಲಿ ಇಳಿದು, ಮುಖ ತೊಳೆದುಕೊಂಡು ಒಂಬತ್ತೂವರೆಗೆ ನಮ್ಮ ಶಿಶು ವರ್ಗಕ್ಕೆ ಬರುತ್ತಿದ್ದಳೆಂಬುದು ನನಗೆ ತಿಳಿದದ್ದೇ ಆ ದಿನ. "ಅಕ್ಕಾ, ಈ ವಾರ ಬರಲ್ಲ ಅಂತ ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ, ಅದಕ್ಕೆ ಬರೋದನ್ನೇ ಬಿಟ್ಟೆ" ಎಂದಳು. ನಾನು ಅವಳಿಗೆ ಕೊಟ್ಟಿದ್ದ ಕೆಲಸಕ್ಕೆ ರಜೆಯೂ ಇರಲಿಲ್ಲ, ಕೊನೆಯೂ ಇರಲಿಲ್ಲ; ಕಾರ್ಖಾನೆಯಲ್ಲಿ ಎರಡೂ ಇದ್ದವು.

ಅಲ್ಲಿಂದ ಬಂದ ಮೇಲೆ ಮಾಡಿದ ಏರ್ಪಾಡು ಹೀಗಿದೆ. ನಾಲ್ಕು ವರ್ಗ, ಪ್ರತಿ ವರ್ಗಕ್ಕೂ ಇಬ್ಬರು, ಅಂದರೆ ಭಾನುವಾರಕ್ಕೆ ಎಂಟು ಜನ. ಯಾರೂ ತಿಂಗಳಿಗೆ ಎರಡು ಭಾನುವಾರಕ್ಕಿಂತ ಹೆಚ್ಚು ಕಲಿಸುವಂತಿಲ್ಲ, ಹಾಗಾಗಿ ಒಟ್ಟು 16 ಜನ ಬೇಕು. ಉಳಿದ ಭಾನುವಾರ ಅವರು ಮನೆಯವರೊಡನೆ ಆರಾಧನೆಯಲ್ಲಿ ಕುಳಿತುಕೊಳ್ಳಬೇಕು, ನಮ್ಮ ಕೋಣೆಯತ್ತ ತಲೆ ಹಾಕಬಾರದು. ಐದನೆಯ ಭಾನುವಾರ ಬಂದರೆ ಎಲ್ಲ ಮಕ್ಕಳಿಗೂ ಸೇರಿ ಹಾಡು ಮತ್ತು ಆಟ, ಅದನ್ನು ನಾನೇ ನೋಡಿಕೊಳ್ಳುತ್ತೇನೆ. ಒಪ್ಪಂದ ಜೂನ್‌ನಿಂದ ನವೆಂಬರ್‌ವರೆಗೆ ಒಂದು, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇನ್ನೊಂದು. ಅವಧಿ ಮುಗಿದ ದಿನ ಎಲ್ಲರಿಂದಲೂ ಪಾಠದ ಸಾಮಾನಿರುವ ಚೀಲವನ್ನು ವಾಪಸು ತೆಗೆದುಕೊಂಡು ವಂದನೆ ಹೇಳುತ್ತೇನೆ. ಮುಂದುವರಿಯುವವರು ತಾವಾಗಿ ಬಂದು ಚೀಲ ಕೇಳಬೇಕು. ಕೇಳದವರನ್ನು ಏಕೆ ಎಂದು ಯಾರೂ ಕೇಳಬಾರದು. ಮೊದಲ ಸಲ ಚೀಲ ವಾಪಸು ಪಡೆದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹತ್ತರಲ್ಲಿ ಮೂವರಂತೆ ಬಿಟ್ಟರು. ಆದರೆ ಹಾಗೆ ಬಿಟ್ಟವರಲ್ಲಿ ಅರ್ಧದಷ್ಟು ಜನ ಮುಂದಿನ ಅವಧಿಗೋ ಅದರ ಮುಂದಿನದಕ್ಕೋ ಮರಳಿ ಬಂದರು. ಹಿಂದೆ ಕದ್ದು ಬಿಟ್ಟವರು ಒಬ್ಬರೂ ಮರಳಿರಲಿಲ್ಲ, ಎದುರಿಗೆ ಸಿಕ್ಕರೆ ಬೇರೆ ಬೀದಿ ಹಿಡಿಯುತ್ತಿದ್ದರು.

ಶಿಫ್ಟಿನ ಮಾತು ಬಂದದ್ದು ಈ ಏರ್ಪಾಡನ್ನು ಕಮಿಟಿಯ ಮುಂದಿಟ್ಟಾಗ. ಹದಿನೈದು ದಿನಕ್ಕೊಮ್ಮೆ ಬರುವವರನ್ನು ಸೇವಕರೆಂದು ಹೇಗೆ ಕರೆಯುವುದು ಎಂಬುದು ಹಿರಿಯರ ಆಕ್ಷೇಪ. ಆ ವಾರ ಉತ್ತರ ಹುಡುಕಿಕೊಂಡು ಮುಂದಿನ ಸಭೆಗೆ ಸತ್ಯವೇದವನ್ನೇ, ಅಂದರೆ ಬೈಬಲನ್ನೇ, ತೆಗೆದುಕೊಂಡು ಹೋದೆ. 1 ಪೂರ್ವಕಾಲವೃತ್ತಾಂತದ 24ನೆಯ ಅಧ್ಯಾಯದಲ್ಲಿ ದಾವೀದನು ಯಾಜಕರಾದ ಆರೋನನ ಮಕ್ಕಳನ್ನು 24 ವರ್ಗ ಮಾಡಿ ಚೀಟು ಹಾಕಿಸಿ ಸರದಿ ಗೊತ್ತುಮಾಡಿದ್ದಾನೆ. ಎಂಟನೆಯ ಚೀಟು ಅಬೀಯನದು. ಆ ಅಬೀಯನ ವರ್ಗದ ಜಕರೀಯನು ತನ್ನ ಸರದಿ ಬಂದಾಗ ದೇವಾಲಯದಲ್ಲಿದ್ದನೆಂದೇ ಲೂಕನು ತನ್ನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಬರೆಯುತ್ತಾನೆ. ಮಗ ಹುಟ್ಟುವ ಸುದ್ದಿಯೊಡನೆ ದೇವದೂತನು ಬಂದದ್ದೂ ಸರದಿಯ ಮೇಲೆ ಬಂದವನ ಬಳಿಗೇ ಅಲ್ಲವೇ ಎಂದೆ. ಹಿರಿಯರು ಕನ್ನಡಕ ತೆಗೆದು, "ಆದರೆ ದೂತನ ಮಾತು ನಂಬದೆ ಅವನು ಮೂಕನಾಗಿ ಹೊರಗೆ ಬಂದನಲ್ಲಮ್ಮ" ಎಂದರು. ಎಲ್ಲರೂ ನಕ್ಕರು, ಆ ನಗುವಿನಲ್ಲೇ ಆರು ತಿಂಗಳ ಅನುಮತಿ ಸಿಕ್ಕಿತು.

ಅವರ ಆಕ್ಷೇಪದಲ್ಲಿ ಒಂದು ಅಂಶ ನಿಜವಾಗಿತ್ತೆಂದು ಒಪ್ಪಿಕೊಳ್ಳಬೇಕು. ಮೂರು ನಾಲ್ಕು ವರ್ಷದ ಮಕ್ಕಳಿಗೆ ವಾರವಾರವೂ ಮುಖ ಬದಲಾಗುವುದು ಹಿಡಿಸಲಿಲ್ಲ. ಮೊದಲ ತಿಂಗಳು ಶಿಶು ವರ್ಗದ ಅಳು ದೇವಾಲಯದೊಳಕ್ಕೂ ಕೇಳಿಸುತ್ತಿತ್ತು. ಹಾಗಾಗಿ ಆ ವರ್ಗಕ್ಕೆ ಮಾತ್ರ ನಿಯಮ ಮುರಿದು, ಜೋಡಿಯಲ್ಲಿ ಒಬ್ಬರು ಎರಡು ತಿಂಗಳು ಬಿಡದೆ ಬಂದು ನಂತರ ಎರಡು ತಿಂಗಳು ಪೂರ್ತಿ ಬಿಡುವು ಪಡೆಯುವಂತೆ ಮಾಡಿದೆ. ಅಳು ನಿಂತಿತು.

ಜೋಡಿಯ ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಬಂದದ್ದು 2012ರಲ್ಲಿ. ಅದಿರಲಿ ಬಿಡಲಿ, ದೊಡ್ಡವರೊಬ್ಬರೇ ಮಕ್ಕಳೊಡನೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇರಕೂಡದು, ಶೌಚಾಲಯಕ್ಕೆ ಕರೆದೊಯ್ಯುವಾಗಲೂ ಇನ್ನೊಬ್ಬರಿಗೆ ಕಾಣುವಂತಿರಬೇಕು. ಇದು ಮಕ್ಕಳಿಗೂ ರಕ್ಷಣೆ, ಕಲಿಸುವವರಿಗೂ ರಕ್ಷಣೆ. ಒಬ್ಬರು ಬಾರದ ದಿನ ಎರಡು ವರ್ಗಗಳನ್ನು ಕೂಡಿಸುತ್ತೇವೆಯೇ ಹೊರತು ಒಬ್ಬರನ್ನೇ ಬಿಡುವುದಿಲ್ಲ. ಗಂಡಹೆಂಡಿರನ್ನೂ ಪ್ರಾಣಸ್ನೇಹಿತೆಯರನ್ನೂ ಜೋಡಿ ಮಾಡುವುದಿಲ್ಲ, ಅವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಹಳಬರಿಗೆ ಹೊಸಬರನ್ನು ಕೂಡಿಸುವಾಗ ನಾನು ನೋಡುವ ಇನ್ನೊಂದು ಲಕ್ಷಣವಿದೆ. ಅದನ್ನು ಇಲ್ಲಿ ಬರೆದರೆ ನಮ್ಮವರೇ ಓದಿ ತಾವು ಯಾವ ಕಡೆಯವರೆಂದು ಲೆಕ್ಕ ಹಾಕತೊಡಗುತ್ತಾರೆ, ಆದ್ದರಿಂದ ಬಿಟ್ಟಿದ್ದೇನೆ.

ಶನಿವಾರದ ಸಭೆಯನ್ನು ರದ್ದು ಮಾಡಿ ಅದರ ಬದಲಿಗೆ ಚೀಲ ತಂದೆ. ಬಟ್ಟೆಯ ಚೀಲದಲ್ಲಿ ಆ ದಿನದ ಪಾಠದ ಒಂದು ಪುಟ, ಬಾಯಿಪಾಠದ ವಾಕ್ಯದ ಚೀಟಿಗಳು, ಕ್ರೇಯಾನ್, ಕತ್ತರಿ, ಅಂಟು, ಮಕ್ಕಳ ಸಂಖ್ಯೆಗೆ ಎರಡು ಹೆಚ್ಚಾಗಿ ಕತ್ತರಿಸಿಟ್ಟ ಬಣ್ಣದ ಕಾಗದ, ಎಲ್ಲವೂ ಇರುತ್ತವೆ. ಒಂದು ಚೀಲ ತುಂಬಿಸಲು ಮೊದಲಿಗೆ 350 ರೂಪಾಯಿಯಷ್ಟು ತಗುಲಿತು. ಇದನ್ನು ಸಿದ್ಧಪಡಿಸುವವರು ಮಂಡಿನೋವಿನ ಆ ಅಮ್ಮನವರು. ನೆಲದ ಮೇಲೆ ಕೂರಲಾರದೆ ಪಾಠ ಬಿಟ್ಟಿದ್ದ ಅವರೊಡನೆ ಈಗ ಇನ್ನಿಬ್ಬರು ಸೇರಿಕೊಂಡಿದ್ದಾರೆ. ಕಮಿಟಿಯ ವರದಿಯಲ್ಲಿ ಇವರನ್ನು ಸಹಾಯಕರೆಂದು ಬೇರೆ ಬರೆದಾಗ ನಾನು ಹೊಡೆದುಹಾಕಿ ಶಿಕ್ಷಕರ ಪಟ್ಟಿಯಲ್ಲೇ ಸೇರಿಸಿದೆ. ಬೆಸೋರ್ ಹಳ್ಳದ ಬಳಿ ಸಾಮಾನು ಕಾದ 200 ಜನರಿಗೂ ಯುದ್ಧಕ್ಕೆ ಹೋದವರಷ್ಟೇ ಪಾಲು ಎಂದು ದಾವೀದನು ಕಟ್ಟಳೆ ಮಾಡಿದ್ದನ್ನು 1 ಸಮುವೇಲ 30ರಲ್ಲಿ ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ. 22 ಎಂಬ ಲೆಕ್ಕದಲ್ಲಿ ಈ ಮೂವರೂ, ಯಾರಾದರೂ ತಪ್ಪಿಸಿಕೊಂಡರೆ ಬರುವ ಮೂವರೂ ಇದ್ದಾರೆ.

ಇನ್ನು ಪ್ರೋತ್ಸಾಹದ ಮಾತು. ಹಾಟ್‌ಬಾಕ್ಸಿನ ನಂತರ ನಾನು ವೇದಿಕೆಯ ಮೇಲೆ ಯಾರನ್ನೂ ಹೊಗಳಿಲ್ಲ. ಪ್ರತಿ ಭಾನುವಾರ ಒಂದೊಂದು ವರ್ಗದ ಹಿಂದೆ ಹತ್ತು ನಿಮಿಷ ನಿಂತು, ಕಣ್ಣಿಗೆ ಬಿದ್ದ ಒಂದೇ ಒಂದು ಸಂಗತಿಯನ್ನು ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ: ಉತ್ತರ ಗೊತ್ತಿಲ್ಲದ ಹುಡುಗನಿಗೆ ಅವಮಾನವಾಗದಂತೆ ಪ್ರಶ್ನೆಯನ್ನು ತಿರುಗಿಸಿ ಕೇಳಿದ್ದು, ಇಂಥ ಯಾವುದಾದರೂ. ಅದನ್ನು ಅವರಿಗೆ ಹೇಳುವುದಕ್ಕಿಂತ ಅವರ ಮನೆಯವರಿಗೆ ಹೇಳುತ್ತೇನೆ. ಭಾನುವಾರ ಬೆಳಗಿನ ಅಡುಗೆ ಯಾರು ಮಾಡುವುದೆಂದು ಮುನಿಸಿಕೊಂಡಿದ್ದ ಅತ್ತೆಯೊಬ್ಬರ ಮುಂದೆ ಸೊಸೆ ಕಲಿಸಿದ ರೀತಿಯನ್ನು ನಾಲ್ಕು ವಾಕ್ಯದಲ್ಲಿ ಹೇಳಿದೆ. ಅವರು ಹುಂ ಎಂದೂ ಅನ್ನಲಿಲ್ಲ, ಆದರೆ ಮುಂದಿನ ಸರದಿಯಿಂದ ಸೊಸೆ ತಡವಾಗಿ ಬಂದಿಲ್ಲ. ತಿದ್ದುವುದಿದ್ದರೆ ಮಾತ್ರ ಅವರೊಬ್ಬರಿಗೇ ಹೇಳುತ್ತೇನೆ, ಅದೂ ಭಾನುವಾರ ಅಲ್ಲ, ಮಂಗಳವಾರದ ನಂತರ.

ನಡುವೆ ಮಾಡಿದ ಕೆಲವು ಪ್ರಯೋಗಗಳನ್ನೂ ಹೇಳಬೇಕು. ಸುಮಾರು 6,500 ರೂಪಾಯಿ ಕೊಟ್ಟು ಚಿಕ್ಕ ಪ್ರೊಜೆಕ್ಟರ್ ತರಿಸಿದೆ. ನಮ್ಮ ಶೀಟಿನ ಹಾಲಿನಲ್ಲಿ ಬೆಳಗ್ಗೆ ಹತ್ತು ಗಂಟೆಯ ಬೆಳಕಿಗೆ ಗೋಡೆಯ ಮೇಲೆ ನೆರಳೂ ಕಾಣಲಿಲ್ಲ. ಅದೀಗ ವರ್ಷಕ್ಕೊಮ್ಮೆ ಕ್ರಿಸ್‌ಮಸ್ ರಾತ್ರಿ ಹೊರಬರುತ್ತದೆ. ಇನ್ನೊಂದು ಪ್ರಯೋಗ ನನ್ನದಲ್ಲ, ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗನದು. ಅವನಿಗೆ ಕನ್ನಡದಲ್ಲಿ ಕಥೆ ಹೇಳಲು ಸಂಕೋಚ, ಒಂದು ದಿನ ತಪ್ಪಿಹೋದ ಕುರಿಯ ಕಥೆಯನ್ನು ಮನೆಯ ತೆಲುಗಿನಲ್ಲಿ ಹೇಳಿಬಿಟ್ಟ. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಮಕ್ಕಳು, ಕುರಿ ಯಾರ ತೋಟಕ್ಕೆ ನುಗ್ಗಿತ್ತು ಎಂದು ಕೇಳತೊಡಗಿದರು. ಅಂದಿನಿಂದ ಕಥೆ ತೆಲುಗಿನಲ್ಲಾಗಲಿ, ಕೆಜಿಎಫ್ ಕಡೆಯಿಂದ ಬಂದ ಮಕ್ಕಳಿಗೆ ತಮಿಳಿನಲ್ಲಾಗಲಿ ಇರಬಹುದು, ಬಾಯಿಪಾಠದ ವಾಕ್ಯ ಮಾತ್ರ ಕನ್ನಡದಲ್ಲೇ ಎಂದು ಗೊತ್ತುಮಾಡಿದೆವು. ಭಾಷೆಯ ಅಂಜಿಕೆಯಿಂದ ದೂರವಿದ್ದ ಮೂವರು ಇದರಿಂದ ಒಳಗೆ ಬಂದರು.

ವಿಬಿಎಸ್‌ನಲ್ಲಿಯೂ ಕೈ ಹಾಕಿದೆ. ಈ ವೆಕೇಶನ್ ಬೈಬಲ್ ಸ್ಕೂಲನ್ನು, ಅಂದರೆ ಮಕ್ಕಳ ರಜಾ ಬೈಬಲ್ ಶಾಲೆಯನ್ನು, ಬೇಸಿಗೆ ರಜೆಯಲ್ಲಿ ಹತ್ತು ದಿನ ಬೆಳಗ್ಗೆ ಎಂಟೂವರೆಯಿಂದ ಮಧ್ಯಾಹ್ನದವರೆಗೆ ನಡೆಸುವುದು ಹಿಂದಿನಿಂದ ಬಂದ ರೂಢಿ. ದುಡಿಯುವವರು ಯಾರೂ ಬರಲಾಗದೆ ಕಾಲೇಜಿನ ಹುಡುಗಿಯರ ಮೇಲೆಯೇ ಭಾರ ಬೀಳುತ್ತಿತ್ತು. ಶ್ರೀನಿವಾಸಪುರದ ಕಡೆಯವರಂತೂ ಮಾವಿನ ಕೆಲಸ ಶುರುವಾದರೆ ಸಿಗುತ್ತಲೇ ಇರಲಿಲ್ಲ. ಐದು ದಿನಕ್ಕೆ ಇಳಿಸಿ, ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಇಟ್ಟೆ. ಮೊದಲ ಸಂಜೆಯೇ ಆರೂವರೆಗೆ ಕರೆಂಟು ಹೋಗಿ, 120 ಮಕ್ಕಳನ್ನು ಕತ್ತಲಲ್ಲಿ ಎಣಿಸಿ ಎಣಿಸಿ ಮನೆಗೆ ಕಳುಹಿಸಿದ್ದು ನನ್ನ ಆಯಸ್ಸಿನಲ್ಲಿ ಎರಡು ವರ್ಷ ಕಡಿಮೆ ಮಾಡಿರಬೇಕು. ಮರುದಿನವೇ ಶಾಮಿಯಾನದವರಿಂದ ದಿನಕ್ಕೆ 800ರಂತೆ ಜನರೇಟರ್ ತರಿಸಿದೆ.

ಹಣದ ಲೆಕ್ಕ ಕೇಳುವವರಿಗಾಗಿ: ವರ್ಷಕ್ಕೆ 30 ಸಾವಿರದ ಒಳಗೆ ಮುಗಿಯುತ್ತದೆ, ವಿಬಿಎಸ್ ಬೇರೆ. ಅದರಲ್ಲಿ ಅರ್ಧ ಹೋಗುವುದು ಇಡ್ಲಿಗೆ. ಪಾಠ ಮುಗಿದ ಮೇಲೆ ಎಂಟೂ ಜನ ಒಟ್ಟಿಗೆ ಕುಳಿತು ತಿಂಡಿ ತಿನ್ನುವ ಇಪ್ಪತ್ತು ನಿಮಿಷವೇ ನಮ್ಮ ಶಿಕ್ಷಕರ ಸಭೆ, ಅದಕ್ಕೆ ಭಾನುವಾರಕ್ಕೆ 300 ರೂಪಾಯಿ ಕೊಡಲು ನಾನು ಹಿಂದೆಮುಂದೆ ನೋಡುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳ ಬಸ್ ಚಾರ್ಜ್ ಉಳಿಯಿತು. ಆ ಹಣದಲ್ಲಿ ಹುಡುಗರ ಪೆಟ್ರೋಲ್‌ಗೆ ಸ್ವಲ್ಪ ಕೊಡುತ್ತೇವೆ. ಕಮಿಟಿಯಿಂದ ತಿಂಗಳಿಗೆ 1,500 ಬರುತ್ತದೆ. ಉಳಿದದ್ದು ಸಭೆಯ ಸುಗ್ಗಿ ಹಬ್ಬದ ಹರಾಜಿನಲ್ಲಿ ನಾವು ಹಾಕುವ ಅಂಗಡಿಯಿಂದ; ಕಳೆದ ಸಲ 11 ಸಾವಿರವೋ 12 ಸಾವಿರವೋ ಆಯಿತು, ಒಂದು ಕುಂಬಳಕಾಯಿಯೇ 1,400ಕ್ಕೆ ಹೋಯಿತು. ಅದನ್ನು ಅಷ್ಟಕ್ಕೆ ಹೇಗೆ ಏರಿಸಿದೆವೆಂಬುದು ನನಗೂ ಹರಾಜು ಕೂಗಿದವನಿಗೂ ಮಾತ್ರ ಗೊತ್ತು.

ಇನ್ನೂ ಬಗೆಹರಿಯದಿರುವುದು ಗಂಡಸರ ಕೊರತೆ. 22ರಲ್ಲಿ ನಾಲ್ವರೇ ಗಂಡಸರು, ಹಿರಿಯ ವರ್ಗದ ಹುಡುಗರು ಕೈಗೆ ಸಿಗುವುದಿಲ್ಲ. ಸಭೆಯ ಪೂರ್ಣ ಸದಸ್ಯರಾಗುವ ದೃಢೀಕರಣದ ವಿಧಿ ಮುಗಿಸಿದ ಹದಿನೈದು ಹದಿನಾರರ ಇಬ್ಬರು ಹುಡುಗರನ್ನು ಜೋಡಿಯ ಲೆಕ್ಕಕ್ಕೆ ಹಿಡಿಯದೆ ಮೂರನೆಯವರಾಗಿ ಕೂರಿಸುತ್ತಿದ್ದೇನೆ. ಒಬ್ಬ ಚೆನ್ನಾಗಿ ಹೊಂದಿಕೊಂಡಿದ್ದಾನೆ, ಇನ್ನೊಬ್ಬ ಕ್ರಿಕೆಟ್ ಇಲ್ಲದ ಭಾನುವಾರ ಬರುತ್ತಾನೆ. ಅವರಿಗೂ ಚೀಲ ಬೇಕಂತೆ. ಜೂನ್‌ಗೆ ಎಂಟು ಹೊಸ ಚೀಲ ಹೊಲಿಯಲು ಕೊಟ್ಟಿದ್ದೇನೆ. ಟೈಲರ್ ಒಂದಕ್ಕೆ 60 ರೂಪಾಯಿ ಕೂಲಿ ಹೇಳಿದ್ದಾರೆ, 50ಕ್ಕೆ ಒಪ್ಪಿಸಲು ಈ ಶನಿವಾರ ಮತ್ತೆ ಹೋಗಬೇಕು.