ಬ್ರಿಟನ್ನಿನಲ್ಲಿ ಮನೆಯವರ ಕೈಯಲ್ಲೇ ಸಾವಾದಾಗ ನಡೆಯುವ ಪರಿಶೀಲನೆ: ಊರಿನಲ್ಲಿರುವ ತಂದೆತಾಯಿ, ಇಲ್ಲಿರುವ ಗೆಳೆಯರು ತಿಳಿದಿರಬೇಕಾದದ್ದು

ಇಂಗ್ಲೆಂಡ್ ಅಥವಾ ವೇಲ್ಸ್‌ನಲ್ಲಿ ಗಂಡನ ಕೈಯಲ್ಲೋ, ಬಿಟ್ಟುಬಂದ ಸಂಗಾತಿಯ ಕೈಯಲ್ಲೋ, ಬಂಧುವಿನ ಕೈಯಲ್ಲೋ, ಒಂದೇ ಮನೆಯಲ್ಲಿದ್ದವರ ಕೈಯಲ್ಲೋ ಒಬ್ಬರು ಸತ್ತರೆ ಮೂರು ಕಡೆ ಕೆಲಸ ಶುರುವಾಗುತ್ತದೆ. ತಪ್ಪಿತಸ್ಥ ಯಾರೆಂದು ಪೊಲೀಸರು ಮತ್ತು ಕೋರ್ಟು ನೋಡುತ್ತಾರೆ. ಸಾವು ಹೇಗಾಯಿತೆಂದು ಕೊರೋನರ್ ನೋಡುತ್ತಾರೆ. ಮೂರನೆಯದರ ಹೆಸರನ್ನೇ ನಮ್ಮವರಲ್ಲಿ ಹೆಚ್ಚಿನವರು ಕೇಳಿರುವುದಿಲ್ಲ. ಅದು ಡೊಮೆಸ್ಟಿಕ್ ಹೋಮಿಸೈಡ್ ರಿವ್ಯೂ, ಚಿಕ್ಕದಾಗಿ ಡಿಎಚ್‌ಆರ್. ಸಾಯುವ ಮುಂಚೆ ಆಕೆ ಯಾರ ಬಾಗಿಲು ತಟ್ಟಿದ್ದಳು, ಯಾರ ಹತ್ತಿರ ಯಾವ ಮಾಹಿತಿ ಇತ್ತು, ಅದು ಏಕೆ ಅಲ್ಲೇ ನಿಂತುಹೋಯಿತು, ಇನ್ನೊಬ್ಬರು ಸಾಯದಂತೆ ಏನು ಬದಲಾಗಬೇಕು ಎಂಬುದಷ್ಟೇ ಅದರ ಕೆಲಸ.

ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ಸತ್ತರೆ ತಹಶೀಲ್ದಾರರು ಬಂದು ಶವಪಂಚನಾಮೆ ಮಾಡುವುದು ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತು. ಅದು ಕೇಸಿಗೆ ಸೇರಿದ್ದು. ಡಿಎಚ್‌ಆರ್‌ನಿಂದ ಯಾರಿಗೂ ಶಿಕ್ಷೆಯಾಗುವುದಿಲ್ಲ, ಪರಿಹಾರದ ಹಣ ಬರುವುದಿಲ್ಲ, ಮದುವೆಯಾಗಿ ಎಷ್ಟು ವರ್ಷವಾಗಿತ್ತು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಸತ್ತವರು ಗಂಡಸಾದರೂ ಇದು ನಡೆಯುತ್ತದೆ. ಊರಿನಿಂದ ಬರುವ ತಂದೆತಾಯಿಗೆ ಇದನ್ನು ಮೊದಲೇ ಬಿಡಿಸಿ ಹೇಳಬೇಕು. ಇಲ್ಲವಾದರೆ ವರದಿ ಕೈಗೆ ಬಂದ ದಿನ, "ಇದರಲ್ಲಿ ಅವನಿಗೆ ಶಿಕ್ಷೆಯ ಮಾತೇ ಇಲ್ಲವಲ್ಲ" ಎಂದು ಇನ್ನೊಮ್ಮೆ ಕುಸಿಯುತ್ತಾರೆ.

ಯಾರು ಶುರುಮಾಡುತ್ತಾರೆ

ಕಾನೂನು 2004ರ ಡೊಮೆಸ್ಟಿಕ್ ವಯಲೆನ್ಸ್, ಕ್ರೈಮ್ ಅಂಡ್ ವಿಕ್ಟಿಮ್ಸ್ ಆಕ್ಟ್‌ನ 9ನೇ ಸೆಕ್ಷನ್. ಜಾರಿಗೆ ಬಂದದ್ದು 2011ರ ಏಪ್ರಿಲ್‌ನಲ್ಲಿ. ಸತ್ತವರಿಗೆ 16 ವರ್ಷ ಅಥವಾ ಹೆಚ್ಚಾಗಿರಬೇಕು. ಹಿಂಸೆ, ಕಿರುಕುಳ ಅಥವಾ ನಿರ್ಲಕ್ಷ್ಯದಿಂದ ಸಾವಾದಂತೆ ಕಾಣಬೇಕು. ಆತ್ಮಹತ್ಯೆಯೂ ಇದರೊಳಗೆ ಬರುತ್ತದೆ. ಗಂಡನ ಮನೆಯ ಹಿಡಿತ, ಬೆದರಿಕೆಗಳಿಂದ ಬೇಸತ್ತು ಪ್ರಾಣ ಕಳೆದುಕೊಂಡ ಲಕ್ಷಣವಿದ್ದರೆ, ಯಾರ ಮೇಲೂ ಕೇಸು ದಾಖಲಾಗದಿದ್ದರೂ ಪರಿಶೀಲನೆ ಆಗಬೇಕೆಂದು 2016ರ ಸರ್ಕಾರಿ ಮಾರ್ಗಸೂಚಿ ಹೇಳುತ್ತದೆ. ನಮ್ಮ ಕುಟುಂಬಗಳು ಕೈಬಿಡುವುದು ಹೆಚ್ಚಾಗಿ ಇಲ್ಲೇ. ಪೊಲೀಸರು "ಆತ್ಮಹತ್ಯೆ, ಅನುಮಾನವಿಲ್ಲ" ಅಂದಕೂಡಲೇ ಎಲ್ಲ ಮುಗಿಯಿತೆಂದುಕೊಂಡು ವಿಮಾನ ಹತ್ತುತ್ತಾರೆ.

ಪರಿಶೀಲನೆ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಆ ಊರಿನ ಕಮ್ಯುನಿಟಿ ಸೇಫ್ಟಿ ಪಾರ್ಟ್ನರ್‌ಶಿಪ್. ಕೌನ್ಸಿಲ್ (ಸ್ಥಳೀಯ ಆಡಳಿತ), ಪೊಲೀಸ್, ಆರೋಗ್ಯ ಸೇವೆ, ಪ್ರೊಬೇಷನ್ (ಶಿಕ್ಷೆಯಾದವರ ಮೇಲ್ವಿಚಾರಣೆ ನೋಡುವ ಇಲಾಖೆ), ಅಗ್ನಿಶಾಮಕ ದಳ ಎಲ್ಲ ಸೇರಿದ ಕೂಟ ಅದು. ಸಾಮಾನ್ಯವಾಗಿ ಪೊಲೀಸರೇ ಅದಕ್ಕೆ ತಿಳಿಸುತ್ತಾರೆ. ತಿಳಿದ ಒಂದು ತಿಂಗಳೊಳಗೆ ತೀರ್ಮಾನ, ಅಲ್ಲಿಂದ ಆರು ತಿಂಗಳಲ್ಲಿ ವರದಿ ಎಂದು ಮಾರ್ಗಸೂಚಿಯಲ್ಲಿದೆ. ನಿಜದಲ್ಲಿ ಕೊಲೆ ವಿಚಾರಣೆ ಮುಗಿಯುವತನಕ ಸಾಕ್ಷಿಗಳನ್ನು ಮಾತಾಡಿಸುವುದು ಕಷ್ಟ. ವರ್ಷ ದಾಟುವುದು ಸಾಮಾನ್ಯ. ಯಾರೂ ಮುಂದಾಗದಿದ್ದರೆ ಕುಟುಂಬದವರೇ, ಅಥವಾ ಅವರ ಪರವಾಗಿ ಇನ್ನೊಬ್ಬರು, ಕೌನ್ಸಿಲ್‌ನ ಕಮ್ಯುನಿಟಿ ಸೇಫ್ಟಿ ವಿಭಾಗಕ್ಕೆ ಬರೆದು ಕೇಳಬಹುದು. ಪರಿಶೀಲನೆ ಬೇಡವೆಂದು ತೀರ್ಮಾನಿಸಿದರೆ ಅದನ್ನು ಹೋಮ್ ಆಫೀಸಿಗೆ (ಇಲ್ಲಿನ ಗೃಹ ಇಲಾಖೆಗೆ) ತಿಳಿಸಲೇಬೇಕು, ಮಾಡಿ ಎಂದು ಆದೇಶಿಸುವ ಅಧಿಕಾರವೂ ಸರ್ಕಾರಕ್ಕಿದೆ. ಆದ್ದರಿಂದ ಬಾಯಿಮಾತಿನ "ಇಲ್ಲ"ಕ್ಕೆ ಸುಮ್ಮನಾಗಬೇಡಿ, ಕಾರಣವನ್ನು ಬರಹದಲ್ಲಿ ಕೇಳಿ.

2024ರ ವಿಕ್ಟಿಮ್ಸ್ ಅಂಡ್ ಪ್ರಿಸನರ್ಸ್ ಆಕ್ಟ್‌ನಲ್ಲಿ ಇದಕ್ಕೆ ಡೊಮೆಸ್ಟಿಕ್ ಅಬ್ಯೂಸ್ ರಿಲೇಟೆಡ್ ಡೆತ್ ರಿವ್ಯೂ ಎಂಬ ಹೊಸ ಹೆಸರಿದೆ. ಕಾಗದಪತ್ರಗಳಲ್ಲಿ ಎರಡೂ ಹೆಸರು ಕಾಣಬಹುದು. ಉತ್ತರ ಐರ್ಲೆಂಡಿನಲ್ಲಿ 2020ರ ಕೊನೆಯಿಂದ ಇಂಥದೇ ವ್ಯವಸ್ಥೆಯಿದೆ. ಸ್ಕಾಟ್ಲೆಂಡ್ ತನ್ನದೇ ಕಾನೂನನ್ನು 2025ರಲ್ಲಿ ಅಂಗೀಕರಿಸಿತು.

ಒಳಗೆ ಏನು ನಡೆಯುತ್ತದೆ

ಮೊದಲು ಯಾವ ಇಲಾಖೆಗೂ ಸೇರದ ಒಬ್ಬ ಚೇರ್ (ಅಧ್ಯಕ್ಷರು) ನೇಮಕವಾಗುತ್ತಾರೆ, ಅವರ ಜೊತೆ ಒಂದು ಪ್ಯಾನೆಲ್. ಆಕೆಯನ್ನೋ ಆತನನ್ನೋ ಕಂಡಿದ್ದ ಪ್ರತಿ ಸಂಸ್ಥೆಯೂ, ಅಂದರೆ ಜಿಪಿ (ಹೆಸರು ನೋಂದಾಯಿಸಿಕೊಂಡ ಕ್ಲಿನಿಕ್ಕಿನ ವೈದ್ಯರು), ಆಸ್ಪತ್ರೆ, ಮಿಡ್‌ವೈಫ್, ಶಾಲೆ, ಪೊಲೀಸ್, ತನ್ನ ಕಡತ ತೆಗೆದು ಯಾವ ದಿನ ಏನಾಯಿತು, ಏನು ಮಾಡಿದೆವು, ಏನು ಮಾಡಲಿಲ್ಲ ಎಂದು ಬರೆದು ಕೊಡುತ್ತದೆ. ಎಲ್ಲವನ್ನೂ ತಾರೀಖಿನಂತೆ ಒಂದೇ ಸಾಲಿಗೆ ತಂದಾಗ ಬಿರುಕುಗಳು ಕಾಣುತ್ತವೆ. ನಿದ್ದೆ ಬರುವುದಿಲ್ಲವೆಂದು ಮತ್ತೆಮತ್ತೆ ಬಂದವಳಿಗೆ ಜಿಪಿ ಮಾತ್ರೆ ಬರೆದುಕೊಟ್ಟಿದ್ದಾರೆ, ಮನೆಯಲ್ಲಿ ಹೇಗಿದೆ ಎಂದು ಕೇಳಿಲ್ಲ. ಆಸ್ಪತ್ರೆಯಲ್ಲಿ ಗಂಡನೇ ದುಭಾಷಿಯಾಗಿದ್ದಾನೆ. ಫೋನ್ ಎತ್ತಲಿಲ್ಲವೆಂದು ಫೈಲ್ ಮುಚ್ಚಿದ್ದಾರೆ, ಫೋನ್ ಯಾರ ಕೈಯಲ್ಲಿತ್ತೆಂದು ಯಾರೂ ಯೋಚಿಸಿಲ್ಲ. ಪ್ರಕಟವಾದ ವರದಿಗಳಲ್ಲಿ ಇವು ಮತ್ತೆಮತ್ತೆ ಬರುತ್ತವೆ. ಹೋಮ್ ಆಫೀಸ್ 2023ರಲ್ಲಿ ವರದಿಗಳ ಆನ್‌ಲೈನ್ ಗ್ರಂಥಾಲಯ ತೆರೆದಿದೆ, ಯಾರು ಬೇಕಾದರೂ ಓದಬಹುದು.

ಆದರೆ ಕಡತದಲ್ಲಿ ಇಲ್ಲದ್ದೇ ಹೆಚ್ಚು. ಗಂಡನ ವೀಸಾವನ್ನು ಅವಲಂಬಿಸಿದ ಡಿಪೆಂಡೆಂಟ್ ವೀಸಾದಲ್ಲಿ ಬಂದು ಕೆಲವೇ ತಿಂಗಳಾದ ಹುಡುಗಿ ಇಲ್ಲಿನ ಯಾವ ಕಚೇರಿಗೂ ಹೋಗಿರುವುದಿಲ್ಲ. ಅವಳ ಕಥೆಯೆಲ್ಲ ದಾವಣಗೆರೆಯಲ್ಲಿರುವ ಅಕ್ಕನ ಫೋನಿನಲ್ಲಿ ವಾಯ್ಸ್ ಮೆಸೇಜುಗಳಾಗಿ ಇರುತ್ತದೆ. ಮನೆಯವರು ಮಾತಾಡದಿದ್ದರೆ ಪ್ಯಾನೆಲ್‌ಗೆ ಸಿಗುವುದು ಒಂದು ಜಿಪಿ ನೋಂದಣಿ, ಒಂದು ವೀಸಾ ದಾಖಲೆ.

ಕುಟುಂಬದವರು ಏನು ಮಾಡಬಹುದು

ಭಾಗವಹಿಸಲೇಬೇಕೆಂಬ ಬಲವಂತವಿಲ್ಲ, ಮೊದಲು ಬೇಡವೆಂದವರು ಆಮೇಲೆ ಬರಬಹುದು. ಬಂದರೆ ಪರಿಶೀಲನೆಯ ವ್ಯಾಪ್ತಿಯನ್ನು ಹೇಳುವ ಟರ್ಮ್ಸ್ ಆಫ್ ರೆಫರೆನ್ಸನ್ನು ಶುರುವಿನಲ್ಲೇ ಕೇಳಿ ಪಡೆಯಿರಿ. ಎಷ್ಟು ಹಿಂದಿನಿಂದ ನೋಡುತ್ತಾರೆಂಬುದು ಅದರಲ್ಲಿರುತ್ತದೆ. ಮದುವೆ ಮಾತುಕತೆಯ ಕಾಲದಿಂದಲೇ ಹಣದ ಒತ್ತಾಯವಿದ್ದರೆ, ಆ ದಿನಗಳನ್ನೂ ಸೇರಿಸಿ ಎಂದು ಹೇಳಬೇಕಾದದ್ದು ಆಗಲೇ. ವರದಿಯಲ್ಲಿ ನಿಜವಾದ ಹೆಸರು ಇರುವುದಿಲ್ಲ. ಬದಲಿ ಹೆಸರನ್ನು ಕುಟುಂಬದವರೇ ಆರಿಸಬಹುದು. ಊರಿನಿಂದಲೇ ವಿಡಿಯೋ ಕರೆಯಲ್ಲಿ ಮಾತಾಡಲು ಕೇಳಿ. ಕನ್ನಡ ದುಭಾಷಿ ಬೇಕೆಂದು ಬರಹದಲ್ಲಿ ತಿಳಿಸಿ. ಇಂಡಿಯಾದವರೆಂದು ಹಿಂದಿ ದುಭಾಷಿಯನ್ನು ಕೂರಿಸಿದರೆ ಒಪ್ಪಬೇಡಿ. ಬಂಧುಗಳನ್ನು, ಸಂಘದ ಪರಿಚಯದವರನ್ನು ದುಭಾಷಿ ಮಾಡುವುದಂತೂ ಬೇಡವೇ ಬೇಡ. ಅವರ ಮುಂದೆ ತಾಯಿ ಎಲ್ಲವನ್ನೂ ಹೇಳುವುದಿಲ್ಲ.

ಹೇಳುವಾಗ "ಜಗಳವಾಗುತ್ತಿತ್ತು", "ಹಿಂಸೆ ಕೊಡುತ್ತಿದ್ದ" ಎಂದು ನಿಲ್ಲಿಸಬೇಡಿ. ಕತ್ತು ಹಿಸುಕಿದ್ದನೇ? ಎಷ್ಟು ಸಲ? ಉಸಿರು ಕಟ್ಟಿತ್ತೇ, ಧ್ವನಿ ಬದಲಾಗಿತ್ತೇ? ಸಂಬಳ ಯಾರ ಖಾತೆಗೆ ಹೋಗುತ್ತಿತ್ತು, ಪಾಸ್‌ಪೋರ್ಟ್ ಎಲ್ಲಿತ್ತು, ವೀಸಾ ರದ್ದು ಮಾಡಿಸುತ್ತೇನೆಂದು ಹೆದರಿಸಿದ್ದು ಯಾವಾಗ? ವಾಟ್ಸಾಪ್ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆ ಇಡಿ, ಆ ಫೋನನ್ನು ರಿಸೆಟ್ ಮಾಡಬೇಡಿ, ಕರೆಗಳ ಪಟ್ಟಿಯ ಫೋಟೋ ತೆಗೆಯಿರಿ. ಕೇಸು ಕೋರ್ಟಿನಲ್ಲಿದ್ದರೆ ಇದೆಲ್ಲ ಮೊದಲು ಪೊಲೀಸರಿಗೆ ಹೋಗಬೇಕು. ಪ್ಯಾನೆಲ್‌ಗೆ ಹೇಳಿದ್ದನ್ನು ಕೋರ್ಟಿನ ಎರಡೂ ಕಡೆಯವರು ಕೇಳಿ ಪಡೆಯುವ ಸಾಧ್ಯತೆಯೂ ಇದೆ.

"ಹೊಂದಿಕೊಂಡು ಹೋಗು ಮಗಳೇ" ಎಂದು ತಾವೇ ಹೇಳಿದ್ದೆವೆಂಬ ಸಂಕಟದಲ್ಲಿ ಎಷ್ಟೋ ತಂದೆತಾಯಿ ಬಾಯಿ ಬಿಡುವುದಿಲ್ಲ. ದಯವಿಟ್ಟು ಅದನ್ನೂ ಹೇಳಿ. ಪ್ಯಾನೆಲ್ ಕೂತಿರುವುದು ನಿಮ್ಮನ್ನು ದೂರಲಿಕ್ಕಲ್ಲ. ಹೊರಬರುವ ದಾರಿ ಅವಳಿಗೆ ಏಕೆ ಕಾಣಲಿಲ್ಲ ಎಂಬುದಕ್ಕೆ ಉತ್ತರ ಆ ಮಾತಿನಲ್ಲೂ ಇರುತ್ತದೆ.

ಈ ದಾರಿಯಲ್ಲಿ ಕೈಹಿಡಿದು ನಡೆಸಲು ಆಫ್ಡಾ (AAFDA, ಅಡ್ವೊಕೆಸಿ ಆಫ್ಟರ್ ಫೇಟಲ್ ಡೊಮೆಸ್ಟಿಕ್ ಅಬ್ಯೂಸ್) ಎಂಬ ಸಂಸ್ಥೆಯಿದೆ. ಸಹೋದರಿ ಮತ್ತು ಆಕೆಯ ಮಗನನ್ನು 2003ರಲ್ಲಿ ಕಳೆದುಕೊಂಡ ಫ್ರ್ಯಾಂಕ್ ಮುಲೇನ್ ಕಟ್ಟಿದ್ದು. ಕುಟುಂಬದ ಜೊತೆ ಪ್ಯಾನೆಲ್‌ಗೆ ಬರುತ್ತಾರೆ, ಕರಡು ಓದಲು ನೆರವಾಗುತ್ತಾರೆ, ಶುಲ್ಕವಿಲ್ಲ. ಕರಡು ವರದಿಯನ್ನು ಅವಸರವಿಲ್ಲದೆ ಓದಲು ಸಮಯ ಕೇಳಿ, ಕನ್ನಡಕ್ಕೆ ಅನುವಾದ ಮಾಡಿಕೊಡಿ ಎಂದೂ ಕೇಳಿ. ಒಪ್ಪದ ಮಾತಿದ್ದರೆ ನಿಮ್ಮ ಅಭಿಪ್ರಾಯ ವರದಿಯಲ್ಲೇ ದಾಖಲಾಗಬೇಕು. ಆಮೇಲೆ ಅದು ಹೋಮ್ ಆಫೀಸಿನ ಗುಣಮಟ್ಟ ಪರೀಕ್ಷೆಗೆ ಹೋಗಿ, ಬಳಿಕ ಪ್ರಕಟವಾಗುತ್ತದೆ.

ಗೆಳೆಯರು, ನೆರೆಯವರು, ಸಹೋದ್ಯೋಗಿಗಳಿಗೂ ಕರೆ ಬರಬಹುದು. ಅವರಿಗೆಂದೇ ಹೋಮ್ ಆಫೀಸಿನ ಕರಪತ್ರಗಳಿವೆ. ಸಂಘದ ಹೆಸರು ಕೆಡುತ್ತದೆಂದು ಹಿಂಜರಿಯುವುದು ಬೇಡ. ಯುಗಾದಿ ಕಾರ್ಯಕ್ರಮಕ್ಕೆ ಬಂದವಳು ಗಂಡ ಕಣ್ಣಲ್ಲೇ ಕರೆದೊಡನೆ ತಟ್ಟೆ ಬಿಟ್ಟು ಎದ್ದು ಹೋದದ್ದು ನಿಮಗೆ ಚಿಕ್ಕದೆನಿಸಬಹುದು, ಪ್ಯಾನೆಲ್‌ಗೆ ಅಲ್ಲ.

ಎಲ್ಲಿ ಕೆಡುತ್ತದೆ

ದೊಡ್ಡ ದೌರ್ಬಲ್ಯ ವರದಿಯ ಕೊನೆಯಲ್ಲಿದೆ. ಯಾರು, ಏನನ್ನು, ಯಾವ ತಾರೀಖಿನೊಳಗೆ ಮಾಡಬೇಕೆಂಬ ಪಟ್ಟಿ ಅಲ್ಲಿರುತ್ತದೆ. "ಸಿಬ್ಬಂದಿಗೆ ತರಬೇತಿ" ಎಂದು ಬರೆದು ಮುಗಿಸಿದ ಪಟ್ಟಿಯಿಂದ ಏನೂ ಬದಲಾಗುವುದಿಲ್ಲ. ಜಿಪಿ ಕ್ಲಿನಿಕ್ ಪ್ರತಿ ಮಹಿಳೆಯನ್ನು ಒಮ್ಮೆಯಾದರೂ ಒಂಟಿಯಾಗಿ, ವೃತ್ತಿಪರ ದುಭಾಷಿಯ ಜೊತೆ ಕಾಣಬೇಕು ಎಂದಿದ್ದರೆ ಅದನ್ನು ಅಳೆಯಬಹುದು. ಕರಡು ಓದುವಾಗ ಈ ಪುಟದ ಮೇಲೆ ಹೆಚ್ಚು ಹೊತ್ತು ಕಳೆಯಿರಿ. ವರ್ಷದ ನಂತರ ಏನಾಯಿತೆಂದು ಸ್ಥಳೀಯ ಕೌನ್ಸಿಲರ್ ಮೂಲಕ ಕೇಳಬಹುದು.

ಜೀವ ಇರುವಾಗಲೇ

ವರದಿಗಳಲ್ಲಿ ಪದೇಪದೇ ಕಾಣುವ ಅಪಾಯದ ಗುರುತುಗಳು ಇವು: ಕತ್ತು ಹಿಸುಕುವುದು, ಬಿಟ್ಟುಹೋಗುತ್ತೇನೆಂದಾಗ ಅಥವಾ ಬಿಟ್ಟುಹೋದ ಮೇಲೆ ಹಿಂಬಾಲಿಸುವುದು, ಹಣ ಮತ್ತು ಫೋನಿನ ಮೇಲೆ ಹಿಡಿತ, "ನೀನು ಹೋದರೆ ನಾನು ಸಾಯುತ್ತೇನೆ" ಎಂಬ ಬೆದರಿಕೆ. ಹೊಡೆತವೇ ಇಲ್ಲದ ಹಿಡಿತವೂ 2015ರ ಡಿಸೆಂಬರ್‌ನಿಂದ ಅಪರಾಧ. ಕತ್ತು ಹಿಸುಕುವುದು 2022ರ ಜೂನ್‌ನಿಂದ ಪ್ರತ್ಯೇಕ ಅಪರಾಧ. ಎರಡಕ್ಕೂ ಐದು ವರ್ಷದವರೆಗೆ ಜೈಲಿದೆ. ಸಂಗಾತಿಗೆ ಹಿಂಸೆಯ ಹಿನ್ನೆಲೆ ಇದೆಯೇ ಎಂದು ಕ್ಲೇರ್ಸ್ ಲಾ ಅಡಿಯಲ್ಲಿ ಪೊಲೀಸರನ್ನು ಕೇಳಬಹುದು. ಆಕೆಯ ಪರವಾಗಿ ನೀವೂ ಕೇಳಬಹುದು.

ತುರ್ತಿಗೆ 999. ಮಾತಾಡಲಾಗದಿದ್ದರೆ ಮೊಬೈಲಿನಿಂದ ಕರೆ ಮಾಡಿ, ಸೂಚನೆ ಕೇಳಿದಾಗ 55 ಒತ್ತಿ, ಕರೆ ಪೊಲೀಸರಿಗೆ ಹೋಗುತ್ತದೆ. ಆದರೆ 55 ಒತ್ತಿದ್ದರಿಂದ ನೀವಿರುವ ಜಾಗ ಅವರಿಗೆ ತಿಳಿಯುವುದಿಲ್ಲ, ಆದ್ದರಿಂದ ಕರೆಯನ್ನು ಕಡಿಯಬೇಡಿ. ದಿನದ 24 ಗಂಟೆಯೂ ಸಿಗುವ ರಾಷ್ಟ್ರೀಯ ಸಹಾಯವಾಣಿ 0808 2000 247, ಉಚಿತ.

ವೀಸಾ ಗಂಡನ ಹೆಸರಿನ ಮೇಲಿದ್ದರೆ ಮೂರು ತಿಂಗಳ ಸ್ವತಂತ್ರ ಅನುಮತಿ ಮತ್ತು ಸರ್ಕಾರಿ ನೆರವು ಕೊಡುವ ಒಂದು ವ್ಯವಸ್ಥೆಯಿದೆ, ಮೈಗ್ರೆಂಟ್ ವಿಕ್ಟಿಮ್ಸ್ ಆಫ್ ಡೊಮೆಸ್ಟಿಕ್ ಅಬ್ಯೂಸ್ ಕನ್ಸೆಷನ್. 2024ರ ಫೆಬ್ರವರಿಯಿಂದ ಕೆಲಸದ ಮತ್ತು ವಿದ್ಯಾರ್ಥಿ ವೀಸಾದವರ ಸಂಗಾತಿಗಳಿಗೂ ಇದು ಸಿಗುತ್ತದೆ. ಬ್ರಿಟಿಷ್ ಪ್ರಜೆಯ ಸಂಗಾತಿಗೆ ಇದರ ಬೆನ್ನಿಗೆ ಕಾಯಂ ನೆಲೆಗೆ ಅರ್ಜಿ ಹಾಕುವ ದಾರಿಯಿದೆ, ಕೆಲಸದ ವೀಸಾದವರ ಸಂಗಾತಿಗೆ ಅದಿಲ್ಲ. ಈ ಅನುಮತಿ ಸಿಕ್ಕೊಡನೆ ಹಳೆಯ ವೀಸಾ ಹೋಗುತ್ತದೆ. ಹಾಗಾಗಿ ಅರ್ಜಿ ಹಾಕುವ ಮೊದಲು ವಲಸೆ ಬಂದ ಮಹಿಳೆಯರಿಗೆ ನೆರವಾಗುವ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್‌ನಂಥ ಸಂಸ್ಥೆಯನ್ನೋ, ಇಮಿಗ್ರೇಷನ್ ವಕೀಲರನ್ನೋ ಮಾತಾಡಿಸಿ.